ಕೊನೆಯವನು ಬಂದ ಕೂಡಲೇ

ನಮ್ಮ ಭಾವನ ಸೈಕಲ್ ಗುಂಪಿನಲ್ಲಿ ಇದ್ದದ್ದು ಒಂದೇ ನಿಯಮ. ಮುಂದೆ ಹೋದವರು ದಿಬ್ಬದ ತುದಿಯಲ್ಲಿ ನಿಂತು ಹಿಂದಿನವರಿಗೆ ಕಾಯಬೇಕು. ಕೊನೆಯವನು ಬಂದ ಕೂಡಲೇ ಹೊರಡಬೇಕು. ಕೇಳುವುದಕ್ಕೆ ಎಷ್ಟು ನ್ಯಾಯವಾಗಿದೆ ನೋಡಿ. ಆದರೆ ಒಮ್ಮೆ ಕೊನೆಯವರಾಗಿ ಬನ್ನಿ, ಆಗ ಗೊತ್ತಾಗುತ್ತದೆ. ಮೊದಲು ಬಂದವನು ಅಷ್ಟು ಹೊತ್ತೂ ಕಾಲು ಚಾಚಿ ಕುಳಿತು, ನೀರು ಕುಡಿದು, ಕಿತ್ತಳೆ ತಿಂದು, ಬೆವರಾರಿಸಿಕೊಂಡಿರುತ್ತಾನೆ. ಕೊನೆಯವನು ಏದುಸಿರು ಬಿಡುತ್ತ ಬಂದು ಒಂದು ಕಾಲು ನೆಲಕ್ಕೆ ಊರುತ್ತಿದ್ದಂತೆ ಭಾವ ಎದ್ದು ಪ್ಯಾಂಟು ಕೊಡವಿಕೊಂಡು, "ಹೊರಡೋಣ್ವಾ?" ಅನ್ನುತ್ತಿದ್ದರು. ಯಾರಿಗೆ ವಿಶ್ರಾಂತಿ ಬೇಕೋ ಅವನಿಗೊಬ್ಬನಿಗೆ ಅದು ಸಿಗುತ್ತಿರಲಿಲ್ಲ.

ಗುಂಪು ಅಂದರೆ ನಾವು ನಾಲ್ಕೇ ಜನ. ಭಾವ, ನಾನು, ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವ ಮೇಷ್ಟ್ರು, ಮತ್ತೆ ಒಬ್ಬ ದರ್ಜಿ. ದರ್ಜಿಗೆ ಭಾವ ಇಟ್ಟ ಹೆಸರು ಗಾರ್ಡು. ರೈಲಿನ ಕೊನೆಯ ಡಬ್ಬಿಯಲ್ಲಿ ಬಾವುಟ ಹಿಡಿದುಕೊಂಡು ಬರುವವನು ಗಾರ್ಡು ತಾನೇ, ಅದಕ್ಕೆ. ದರ್ಜಿ ಬಹಳ ವರ್ಷ ಆ ಹೆಸರನ್ನು ನಕ್ಕುಕೊಂಡೇ ನುಂಗಿದ. ನನಗೆ ಹೆಸರಿಡುವ ಗೋಜಿಗೆ ಭಾವ ಹೋಗಲಿಲ್ಲ. ಜ್ವರ ಬಿಟ್ಟ ಮರುವಾರ ನನ್ನನ್ನು ಒಂದು ದಿಬ್ಬ ಹತ್ತಿಸಿದ್ದರು. ತುದಿಯಲ್ಲಿ ನಾನು ಬಗ್ಗಿ ವಾಂತಿ ಮಾಡುತ್ತಿದ್ದಾಗ, ಅದು ಮುಗಿಯುವ ತನಕ ಕಾದು, ಬಾಯಿ ಒರೆಸಿಕೊಳ್ಳುವ ಮೊದಲೇ ಅದೇ ಮಾತು ಹೇಳಿದರು. ಅದನ್ನು ನಾನು ಮರೆತಿಲ್ಲ, ಮರೆಯುವ ಆಸೆಯೂ ಇಲ್ಲ.

ಈ ನಿಯಮ ಸೈಕಲ್ಲಿಗೆ ಮಾತ್ರ ಅಂದುಕೊಳ್ಳಬೇಡಿ. ನಮ್ಮಕ್ಕನಿಗೂ ಇದೇ ನಿಯಮ. ಪೇಟೆಗೆ ಹೋದರೆ ಭಾವ ಕೈಬೀಸಿಕೊಂಡು ಮುಂದೆ, ಅಕ್ಕ ಎರಡು ಕೈಯಲ್ಲೂ ಚೀಲ ಹಿಡಿದು ಹಿಂದೆ. ಮೂಲೆಯಲ್ಲಿ ನಿಂತು ಕಾಯುತ್ತಿದ್ದರು, ಅದನ್ನು ಒಪ್ಪಿಕೊಳ್ಳೋಣ. ಅವಳು ಹತ್ತಿರ ಬಂದು ಚೀಲ ಕೆಳಗಿಡಬೇಕು ಅನ್ನುವಷ್ಟರಲ್ಲಿ, "ಹೊರಡೋಣ್ವಾ?" ಮದುವೆಯಾದಾಗಿನಿಂದ ಅಕ್ಕ ಆ ಬೆನ್ನು ನೋಡಿಕೊಂಡೇ ನಡೆದಿದ್ದಾಳೆ.

ಕೆಲಸದಲ್ಲಿ ಭಾವನನ್ನು ಮೀರಿಸುವವರಿರಲಿಲ್ಲ. ಕನ್ನಡಿ ಮತ್ತು ಕಿಟಕಿ ಗಾಜಿನ ಅಂಗಡಿಯಲ್ಲಿ ಕೆಲಸ. ಉದ್ದನೆಯ ಮೇಜಿನ ಮೇಲೆ ಹಳೇ ಕಂಬಳಿ, ಅದರ ಮೇಲೆ ಆಳುದ್ದದ ಗಾಜು. ಭಾವ ಕತ್ತರಿಸುವ ಉಪಕರಣದ ಪುಟ್ಟ ಚಕ್ರವನ್ನು ಸೀಮೆಎಣ್ಣೆಯಲ್ಲಿ ಅದ್ದಿ, ಉಸಿರು ಬಿಗಿಹಿಡಿದು, ಈ ತುದಿಯಿಂದ ಆ ತುದಿಗೆ ಒಂದೇ ಗೆರೆ ಎಳೆಯುತ್ತಿದ್ದರು. ಆಮೇಲೆ ಮೇಜಿನ ಅಂಚಿಗೆ ಸರಿಸಿ ಮೆಲ್ಲಗೆ ಒತ್ತಿದರೆ ಗಾಜು ಗೆರೆಯ ಗುಂಟ ಬಿಟ್ಟುಕೊಳ್ಳುತ್ತಿತ್ತು. ಒಂದೇ ಗೆರೆಗೆ ಎರಡನೇ ಸಲ ಕೈ ಹಾಕಿದರೆ ಗಾಜು ಹಾಳು. "ಎರಡನೇ ಸಲ ಎಳೆಯೋನು ಹೋಗಿ ಸೋಪು ಮಾರ್ಲಿ" ಅಂತ ಜೊತೆಯವರನ್ನು ಎಲ್ಲರೆದುರೇ ಹೀಯಾಳಿಸುತ್ತಿದ್ದರು.

ಈಗ ಅವರ ಬಲಗೈ ನಡುಗುತ್ತದೆ. ಮೊದಲು ಹೆಬ್ಬೆರಳು ಮಾತ್ರ, ಆಮೇಲೆ ಇಡೀ ಕೈ. ಬಲಗಾಲು ಕೊರಡಿನ ಹಾಗೆ ಬಿಗಿದುಕೊಳ್ಳುತ್ತದೆ. ಒಂದರ ಹಿಂದೊಂದು ಗಾಜು ಒಡೆದ ಮೇಲೆ ಮಾಲೀಕ ಏನೂ ಬೈಯದೆ ಅವರ ಕೈಗೆ ಒಂದು ಬಟ್ಟೆ ಕೊಟ್ಟು, ಮಾರಾಟಕ್ಕಿಟ್ಟ ಕನ್ನಡಿ ಒರೆಸುವ ಕೆಲಸಕ್ಕೆ ಹಾಕಿದ. ದಿನವಿಡೀ ತಮ್ಮ ಮುಖವನ್ನೇ ಒರೆಸುತ್ತ ನಿಲ್ಲುವ ಕೆಲಸ. ಬೈದಿದ್ದರೇ ವಾಸಿಯಿತ್ತು.

ಅಕ್ಕ ಆಸ್ಪತ್ರೆಗೆ ಹೋಗೋಣ ಅಂತ ತಿಂಗಳುಗಟ್ಟಲೆ ಗೋಗರೆದಳು. ಭಾವ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಒಂದು ಶುಕ್ರವಾರ ಸಂಜೆ, ಅಡುಗೆಮನೆ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿಕೊಂಡು ಪಂಥ ಕಟ್ಟಿದರು.

"ನಾಳೆ ನಾಡಿದ್ದು ಸೈಕಲ್ ಮೇಲೆ ಹೋಗ್ತಿದೀವಲ್ಲ. ಎರಡರಲ್ಲಿ ಒಂದು ದಿನ ನಾನು ಮೊದಲು ಬಂದ್ರೆ ಆಸ್ಪತ್ರೆ ಅನ್ನೋ ಮಾತು ಈ ಮನೇಲಿ ಏಳಬಾರದು."

"ಬರದಿದ್ರೆ?" ಅಂದಳು ಅಕ್ಕ.

"ಸೋಮವಾರ ನೀನು ಕರೆದ ಕಡೆ ಬರ್ತೀನಿ. ಬಾಯಿ ಬಿಡಲ್ಲ."

"ನೀವು ಹೇಳೋದನ್ನ ನಾನು ನಂಬಲ್ಲ. ಇವನು ಹೇಳ್ಲಿ."

ಇಬ್ಬರೂ ನನ್ನ ಕಡೆ ತಿರುಗಿದರು. ಭಾವನ ತೀರ್ಪು ನನ್ನ ಬಾಯಲ್ಲಿ! ಆ ರಾತ್ರಿ ಒಳ್ಳೇ ನಿದ್ದೆ ಬಂತು.

ಶನಿವಾರ ಡಾಂಬರು ರಸ್ತೆ. ಸಪಾಟು ದಾರಿಯಲ್ಲಿ ಭಾವ ಎಲ್ಲರಿಗಿಂತ ಮುಂದಿದ್ದರು, ಮೇಷ್ಟ್ರ ಜೊತೆ ಹರಟೆಯನ್ನೂ ಹೊಡೆದರು. ಏರು ಶುರುವಾದ ಮೇಲೆ ಮಾತು ನಿಂತಿತು. ಮೊದಲು ಮೇಷ್ಟ್ರು ಅವರನ್ನು ದಾಟಿದರು, ಆಮೇಲೆ ನಾನು. ತುದಿಯ ಸೇತುವೆ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದೇವೆ, ತಿರುವಿನಲ್ಲಿ ದರ್ಜಿಯ ಹಳದಿ ಟೋಪಿ ಕಾಣಿಸಿತು. ಅವನ ಹಿಂದೆ, ಬಹಳ ಹಿಂದೆ, ಭಾವ.

ದರ್ಜಿ ಬಂದು ಕುಳಿತ. ನೀರು ಕುಡಿದ. ಕಾಲು ಚಾಚಿದ. ಇಷ್ಟು ವರ್ಷಗಳಲ್ಲಿ ಅವನು ದಾರಿ ಮಧ್ಯೆ ಕುಳಿತದ್ದನ್ನು ನಾನು ನೋಡಿಯೇ ಇರಲಿಲ್ಲ. ಭಾವ ಬಂದು ಬಲಗಾಲನ್ನು ಕೈಯಿಂದ ಎತ್ತಿ ಪೆಡಲಿನಿಂದ ಕೆಳಗಿಳಿಸುತ್ತಿದ್ದಂತೆ ಅವನು ಎದ್ದು ಪ್ಯಾಂಟು ಕೊಡವಿಕೊಂಡ.

"ಹೊರಡೋಣ್ವಾ?"

"ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿಯಾಗಿದೆ ಕಣಯ್ಯ, ಇಲ್ದಿದ್ರೆ..." ಅಂದರು ಭಾವ. ಮೇಷ್ಟ್ರು ಬಗ್ಗಿ ಚಕ್ರ ಒತ್ತಿ ನೋಡಿದರು. ಕಲ್ಲಿನಂತಿತ್ತು. ಸೈಕಲ್ ಹತ್ತಿದೆವು.

ಸಂಜೆ ಉಳಿದುಕೊಂಡ ಲಾಡ್ಜಿನ ಕೋಣೆಯಲ್ಲಿ ಭಾವ ಲೋಟವನ್ನು ಎರಡು ಕೈಯಲ್ಲಿ ಹಿಡಿದು ಕುಡಿದರು. ದರ್ಜಿ ಅದನ್ನೂ ನೋಡಿದ. "ರೋಡಲ್ಲಿ ಯಾರು ಬೇಕಾದ್ರೂ ತುಳೀತಾರೆ. ನಾಳೆ ಮಣ್ಣಿನ ದಾರಿ. ಅಲ್ಲಿ ಗೊತ್ತಾಗತ್ತೆ ಗಂಡಸು ಯಾರು ಅಂತ," ಅಂದು ಭಾವ ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಆ ಬೆನ್ನು ನೋಡಿ ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಭಾನುವಾರದ ದಾರಿ ಗುಡ್ಡದ ಮೇಲಿನ ನೀರಿನ ಟ್ಯಾಂಕಿಗೆ. ಕಾಲುದಾರಿ, ಬೇರು, ಸಡಿಲ ಕಲ್ಲು, ನಡುವೆ ಒಂದು ಜೌಗು ಬೇರೆ. ಅದರ ಜೇಡಿಮಣ್ಣಿಗೆ ಚಕ್ರ ಇಳಿಸಿದರೆ ಮೇಣದ ಹಾಗೆ ಮೆತ್ತಿಕೊಳ್ಳುತ್ತದೆ. ಶುರುವಿನಲ್ಲೇ ಭಾವ ಚೈನು ಕಳಚಿದೆ ಅಂತ ನಿಂತರು. "ನೀವು ನಡೀರಿ, ಹಿಂದೇನೇ ಬಂದೆ," ಅಂದರು. ನಾವು ಹೊರಟೆವು. ಜೌಗಿನಲ್ಲಿ ಸೈಕಲ್ ಹೆಗಲಿಗೇರಿಸಿ, ಮೊಣಕಾಲಿನವರೆಗೂ ಕೆಸರಾಗಿ, ಅರ್ಧ ನಡೆದು ಅರ್ಧ ತುಳಿದು ಮೇಲೆ ಬಂದರೆ, ಟ್ಯಾಂಕಿನ ಕಟ್ಟೆಯ ಮೇಲೆ ಭಾವ ಕುಳಿತಿದ್ದಾರೆ! ಕಿತ್ತಳೆ ಸುಲಿಯುತ್ತಿದ್ದಾರೆ. ಸಿಪ್ಪೆ ಚೂರು ಚೂರಾಗಿ ಅಂಗಿಯ ತುಂಬ ಬಿದ್ದಿದೆ.

"ಬಂದ್ರಾ? ಹೊರಡೋಣ್ವಾ?" ಅಂದರು. ಮುಖ ಊರಗಲವಾಗಿತ್ತು.

"ಎಲ್ಲಿ ದಾಟಿದ್ರಿ ನಮ್ಮನ್ನ?" ಮೇಷ್ಟ್ರು ಬೆರಗಾಗಿ ಕೇಳಿದರು.

"ನೀವು ಕೆಸರಲ್ಲಿ ಎಮ್ಮೆ ಥರ ಬಿದ್ಕೊಂಡಿದ್ರಲ್ಲ, ಆವಾಗ."

ದರ್ಜಿ ಭಾವನ ಸೈಕಲ್ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕುಳಿತು, ಬಟ್ಟೆಯ ಗುಣಮಟ್ಟ ನೋಡುವ ಹಾಗೆ ಮುಂದಿನ ಟೈರನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿದ. ಬೆರಳಿಗೆ ಬೂದು ಬಣ್ಣದ ಪುಡಿ ಹತ್ತಿತು. ಟ್ಯಾಂಕಿನ ಲಾರಿ ಬರುವುದಕ್ಕೆ ಆ ಬದಿಯಿಂದ ಸಿಮೆಂಟು ರಸ್ತೆಯಿದೆ, ಜೌಗಿನ ಗೊಡವೆಯೇ ಇಲ್ಲ, ಅಂಕುಡೊಂಕಾಗಿ ಸಲೀಸಾಗಿ ಮೇಲೆ ಬರುತ್ತದೆ. ದರ್ಜಿ ಬೆರಳನ್ನು ನಮಗೆಲ್ಲ ತೋರಿಸಿದ.

"ಅಣ್ಣಾ, ಗಾಡಿ ಒಗೆದು ಇಸ್ತ್ರಿ ಮಾಡಿಸ್ಕೊಂಡೇ ಬಂದಂಗಿದೆ."

ಮೇಷ್ಟ್ರು ಮೊದಲು ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಸುಳ್ಳೇಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು. ಭಾವ ಕೈಯಲ್ಲಿದ್ದ ಹಣ್ಣನ್ನು ನೋಡುತ್ತ ಕುಳಿತರು. ಕೈ ನಡುಗುತ್ತಲೇ ಇತ್ತು, ತೊಳೆ ಒಂದೊಂದಾಗಿ ಕೆಳಗೆ ಬಿತ್ತು.

ವಾಪಸ್ಸು ಬರುವ ದಾರಿಯಲ್ಲಿ ಏರುಗಳೇ ಹೆಚ್ಚು. ಪ್ರತಿ ಏರಿನ ತುದಿಯಲ್ಲೂ ನಾವು ಮೂವರು ಕುಳಿತು ಕಾದೆವು. ನಮಗೆ ಸುಸ್ತಾಗಿರದಿದ್ದರೂ ಕುಳಿತೆವು. ಭಾವ ಹತ್ತಿರ ಬರುವುದು ಕಂಡ ಕೂಡಲೇ ದರ್ಜಿ ಟೋಪಿ ಹಾಕಿಕೊಳ್ಳುತ್ತಿದ್ದ. ಅವರ ಕಾಲು ನೆಲಕ್ಕೆ ತಾಗುವುದೂ ಅವನು ಹೊರಡುವುದೂ ಒಂದೇ. ಒಂದು ಕಡೆ ಭಾವ ಸೈಕಲ್ ಸಮೇತ ಪಕ್ಕಕ್ಕೆ ವಾಲಿ ಬಿದ್ದರು.

"ಒಂದು ನಿಮಿಷ ಇರ್ರಯ್ಯ," ಅಂದರು ಬಿದ್ದಲ್ಲಿಂದಲೇ.

"ನಿಯಮ ನಿಮ್ದೇ ಅಲ್ವಾ ಅಣ್ಣಾ," ಅಂದ ದರ್ಜಿ. "ಬೇಗ ಬನ್ನಿ ಗಾರ್ಡು."

ಮೇಷ್ಟ್ರಿಗೆ ಆ ಹೊತ್ತಿಗೆ ಕಸಿವಿಸಿಯಾಗಿತ್ತು. "ಸಾಕೇನೋ?" ಅಂತ ನನ್ನ ಮುಖ ನೋಡಿದರು. ಭಾವ ನನ್ನವರು, ಸಾಕು ಅನ್ನಬೇಕಾದವನು ನಾನು. ನಾನು ಪೆಡಲ್ ತುಳಿದೆ.

ಮನೆ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಭಾವ ಅವಳನ್ನು ನೋಡದೆ ಸೈಕಲನ್ನು ಗೋಡೆಗೆ ಒರಗಿಸಿ, ನನ್ನ ಪಕ್ಕಕ್ಕೆ ಬಂದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಹೆಗಲ ಮೇಲೆ ಕೈಯಿಟ್ಟರು. ಆ ಕೈಯ ನಡುಕ ಅಂಗಿಯ ಮೂಲಕ ನನಗೆ ತಿಳಿಯುತ್ತಿತ್ತು. ಏನನ್ನೂ ಬಾಯಿಬಿಟ್ಟು ಕೇಳಲಿಲ್ಲ.

"ಯಾರು ಮೊದಲು?" ಅಂದಳು ಅಕ್ಕ.

"ನಿನ್ನೆ ಮೇಷ್ಟ್ರು, ಇವತ್ತು ದರ್ಜಿ," ಅಂದೆ. "ಭಾವ ಕೊನೆ. ಎರಡು ದಿನಾನೂ. ಇವತ್ತು ಅಡ್ಡದಾರೀಲಿ ಬಂದು ಸಿಕ್ಕಿಬಿದ್ರು."

ಅಡ್ಡದಾರಿಯ ಮಾತನ್ನು ಅವಳು ಕೇಳಿರಲಿಲ್ಲ. ಅದು ನನ್ನ ಕಡೆಯಿಂದ. ಭಾವ ಹೆಗಲಿನಿಂದ ಕೈ ತೆಗೆದರು.

ಕೊಟ್ಟ ಮಾತಿಗೆ ತಪ್ಪಲಿಲ್ಲ, ಸೋಮವಾರ ಅಂಗಿ ಬದಲಿಸಿ ತಯಾರಾಗಿ ಕುಳಿತಿದ್ದರು. ನರರೋಗದ ಡಾಕ್ಟರು ಕೂರುವುದು ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ಲಿಫ್ಟು ಕೆಟ್ಟಿತ್ತು. ಅಕ್ಕ ಚೀಟಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಮುಂದೆ ಹತ್ತಿದಳು. ನೀರಿನ ಬಾಟಲಿ ಹಿಡಿದುಕೊಂಡು ನಾನು ಹಿಂದೆ. ನಡುವೆ ಭಾವ, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಲಗಾಲನ್ನು ಪ್ರತಿ ಮೆಟ್ಟಿಲಿಗೂ ಎಳೆದುಕೊಂಡು.

ಮೊದಲ ಮಹಡಿಯ ತಿರುವಿನಲ್ಲಿ ಒಂದು ಬೆಂಚಿತ್ತು. ಅಕ್ಕ ಅಲ್ಲಿ ಕುಳಿತು ಕರವಸ್ತ್ರದಿಂದ ಕತ್ತು ಒರೆಸಿಕೊಂಡಳು, ಕಾಲು ಚಾಚಿದಳು, ಕಿಟಕಿಯಾಚೆ ನೋಡಿದಳು. ಭಾವ ಕೊನೆಯ ಮೆಟ್ಟಿಲು ಹತ್ತಿ ಬೆಂಚಿನ ಕಡೆ ಕೈ ಚಾಚಿದರು. ಅಕ್ಕ ಎದ್ದು ನಿಂತಳು.

"ಹೊರಡೋಣ್ವಾ?"

ಅವಳ ಮುಖದಲ್ಲಿ ಕೊಂಕಿರಲಿಲ್ಲ, ಕನಿಕರವೂ ಇರಲಿಲ್ಲ. ಪೇಟೆಯ ಮೂಲೆಯಲ್ಲಿ ಭಾವ ಹೇಗೆ ಹೇಳುತ್ತಿದ್ದರೋ ಹಾಗೇ ಹೇಳಿದ್ದಳು.

"ಒಂಚೂರು ಕೂತ್ಕೋತೀನಿ ಕಣೆ."

"ಮೇಲೆ ಹೋಗಿ ಕೂತ್ಕೊಳ್ಳಿ," ಅಂದು ಅಕ್ಕ ಮುಂದಿನ ಮೆಟ್ಟಿಲು ಹತ್ತಿದಳು.

ಭಾವ ನನ್ನ ಕೈಯಲ್ಲಿದ್ದ ನೀರಿನ ಬಾಟಲಿಯನ್ನು ನೋಡಿದರು. ನಾನು ಅದನ್ನು ಎಡಗೈಗೆ ಬದಲಾಯಿಸಿಕೊಂಡು, ಅವರನ್ನು ದಾಟಿ, ಅಕ್ಕನ ಹಿಂದೆ ಹತ್ತಿದೆ.