ಒಗಟಿಗೆ ಸೋತ ಊರುಗಳು

ಹಾಸನ ಜಿಲ್ಲೆಯ ಮುಕ್ಕಾಲು ಪಾಲನ್ನು ನಾನು ಹದಿನೇಳನೆಯ ವಯಸ್ಸಿಗೇ ಸೋತುಬಿಟ್ಟೆ. ಹಾಸನ ಹೋಯಿತು, ಹೊಳೆನರಸೀಪುರ ಹೋಯಿತು, ಬೇಲೂರು ಹಳೇಬೀಡುಗಳು ಕಲ್ಲಿನ ಗುಡಿಗಳ ಸಮೇತ ಒಂದೇ ಮಧ್ಯಾಹ್ನ ಹೋದವು. ಗೆದ್ದವರು ನಮ್ಮತ್ತೆ. ಯುದ್ಧ ನಡೆದದ್ದು ಹಜಾರದ ಚಾಪೆಯ ಮೇಲೆ, ಅವರೆಕಾಯಿ ಸುಲಿಯುತ್ತಾ. ಇಷ್ಟೆಲ್ಲ ಕಳೆದುಕೊಂಡವಳಿಗೆ ರಾತ್ರಿ ನಿದ್ದೆ ಬಂದೀತೆ ಎಂದು ಕೇಳಬೇಡಿ; ಚೆನ್ನಾಗಿಯೇ ಬರುತ್ತಿತ್ತು.

ನಮ್ಮ ಕಡೆ ಒಗಟಿನ ಆಟಕ್ಕೆ ಒಂದು ಕಟ್ಟಳೆ ಇತ್ತು. ಒಬ್ಬರು ಒಗಟು ಹಾಕಬೇಕು, ಇನ್ನೊಬ್ಬರು ಬಿಡಿಸಬೇಕು. ಬಿಡಿಸಲಾಗದಿದ್ದರೆ ಒಂದು ಊರು ಕೊಡಬೇಕು. ಊರು ಕೈಗೆ ಬಂದ ಮೇಲೆಯೇ ಉತ್ತರ ಹೇಳುವುದು. ಒಮ್ಮೆ ಕೊಟ್ಟ ಊರನ್ನು ಮತ್ತೆ ಕೊಡುವ ಹಾಗಿಲ್ಲ, ಏಕೆಂದರೆ ಅದು ಆಗಲೇ ಗೆದ್ದವರದು. ಊರು ಕೊಡಲು ಮನಸ್ಸಿಲ್ಲವೇ, ಉತ್ತರವಿಲ್ಲದೆ ಇರಿ, ಯಾರೂ ಬಲವಂತ ಮಾಡುವುದಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕಾರ್ತೀಕದಲ್ಲಿ ನನ್ನ ಮದುವೆಯಾಗಿ, ಕೊಣನೂರಿಗೆ ಹತ್ತಿರದ, ಹೊಳೆಯ ಕಡೆಯ ಒಂದು ಹಳ್ಳಿಗೆ ಬಂದಿದ್ದೆ. ನಾನು ಚನ್ನರಾಯಪಟ್ಟಣದವಳು, ಎಂಟನೇ ಕ್ಲಾಸು ಓದಿದವಳು, ಇಂಗ್ಲಿಷಿನಲ್ಲಿ ಸಹಿ ಹಾಕಬಲ್ಲವಳು. ಅತ್ತೆಗೆ ಓದು ಬರಹ ಬಾರದು. ಅವರ ಮುಂದೆ ನನ್ನ ಜಂಬ ಎಷ್ಟು ದಿನ ಬಾಳಿತೆಂದರೆ, ಪುಷ್ಯ ಮಾಸದ ಒಂದು ಮಧ್ಯಾಹ್ನ ಅವರು ಸೊಗಡವರೆಯ ರಾಶಿಯ ಹಿಂದಿನಿಂದ ಬಾಯಿ ತೆರೆಯುವ ತನಕ.

“ಅಸ್ರು ದೋಣೀಲಿ ನಾಕೇ ಜನ, ನೀರ್ಗಿಳಿದ್ರೆ ಬೆತ್ಲೆ ಜನ. ಏಳವ್ವ, ಏನದು?”

ನಾನು ಭೂಗೋಳವನ್ನೆಲ್ಲ ಜಾಲಾಡಿದೆ. ಹಸಿರು ದೋಣಿ ಯಾವ ದೇಶದಲ್ಲಿದೆ ಎಂದು ನೆನಪು ಮಾಡಿಕೊಂಡೆ. ಕೊನೆಗೆ ಹಾಸನವನ್ನು ಬಿಟ್ಟುಕೊಟ್ಟೆ. ಅತ್ತೆ ನನ್ನ ಮಡಿಲಿನಿಂದ ಒಂದು ಅವರೆಕಾಯಿ ಎತ್ತಿ, ಬಿಡಿಸಿ, ನಾಲ್ಕು ಕಾಳು ತೋರಿಸಿದರು. ಕಾಳನ್ನು ನೀರಿಗೆ ಹಾಕಿ, ನೆನೆದ ಮೇಲೆ ಸಿಪ್ಪೆ ಹಿದುಕುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆ ಬೆಳಿಗ್ಗೆ ತಾನೇ ಒಂದು ಪಾತ್ರೆ ಹಿದುಕಿದ್ದೆ. ಉತ್ತರ ಮಡಿಲು ತುಂಬ ಇಟ್ಟುಕೊಂಡು ಜಿಲ್ಲೆಯ ರಾಜಧಾನಿಯನ್ನು ಸೋತವಳು ನಾನೊಬ್ಬಳೇ ಇರಬೇಕು.

“ಮನೆ ಒತ್ಕೊಂಡು ಬೇಲಿ ಅತ್ತಾನೆ, ಮಾತಾಡ್ಸಿದ್ರೆ ಬಾಗ್ಲು ಆಕ್ತಾನೆ” ಎಂಬುದಕ್ಕೆ ಹೊಳೆನರಸೀಪುರ ಹೋಯಿತು. ಅದು ಬಸವನಹುಳು. “ಮೂಲೇಲಿ ಮಲಗ್ತಾಳೆ, ಮನೆಯೆಲ್ಲ ತಿರುಗ್ತಾಳೆ, ಸೊಂಟಕ್ಕೆ ದಾರ ಕಟ್ಕೊಂಡು ಕಸದ ಜತೆ ಕುಣೀತಾಳೆ” ಎಂಬುದು ಪೊರಕೆ. ಅದಕ್ಕೆ ಸಂಗೀತಗಾರರ ಊರೆಂದೇ ಹೆಸರಾದ ರುದ್ರಪಟ್ಟಣ ಕೊಟ್ಟೆ. ಊರು ತೆಗೆದುಕೊಳ್ಳುವಾಗ ಅತ್ತೆ, “ಸಂಗೀತದೋರ್ನೂ ಸೇರ್ಸಿ ಕೊಟ್ಯೋ, ಬರೀ ಮನೆಗೋಳೋ?” ಎಂದು ಖಚಿತ ಮಾಡಿಕೊಂಡರು. ಸೇರಿಸಿಯೇ ಕೊಟ್ಟೆ ಎಂದೆ. ಆ ಸಂಜೆಯೆಲ್ಲ ಅವರು ತಾವು ಗೆದ್ದ ಸಂಗೀತಗಾರರನ್ನು ನೆನೆದು ತಲೆದೂಗುತ್ತಾ ಓಡಾಡಿದರು.

ಪಂಡಿತರು ಒಗಟಿಗೆ ಪ್ರಹೇಳಿಕೆ ಎನ್ನುತ್ತಾರಂತೆ. ಹಾಗೆಂದ ಕೂಡಲೇ ನಮ್ಮ ಪೊರಕೆಗೆ ಜರಿಯ ಶಲ್ಯ ಹೊದಿಸಿದಂತಾಗುತ್ತದೆ. ಒಗಟು ಹುಟ್ಟಿದ್ದು ಎಲ್ಲಿ ಎಂಬುದಕ್ಕೆ ನನ್ನದೇ ಒಂದು ಸಿದ್ಧಾಂತವಿದೆ, ಯಾವ ಪಂಡಿತರೂ ಒಪ್ಪಬೇಕಾಗಿಲ್ಲ. ಆಗ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಮಾವನವರನ್ನು ಊಟಕ್ಕೆ ಕರೆಯಬೇಕಾದರೆ ಅತ್ತೆ ನನಗೆ, “ಎಗಲ ಮ್ಯಾಲೆ ಟವಲ್ ಆಕ್ಕಂಡು ಎಮ್ಮೆ ಕೂಡೆ ಮಾತಾಡ್ತಾ ನಿಂತವ್ರಲ್ಲ, ಅವರ್ನ ಕರಿ” ಎನ್ನುತ್ತಿದ್ದರು. ಮೂವತ್ತು ವರ್ಷ ದಿನಕ್ಕೆರಡು ಹೊತ್ತು ಹೀಗೆ ಹೆಸರೆತ್ತದೆ ಒಬ್ಬ ಮನುಷ್ಯನನ್ನು ತೋರಿಸಿಕೊಟ್ಟವರಿಗೆ ಬಸವನಹುಳು ಯಾವ ಲೆಕ್ಕ! ಒಗಟು ಕಟ್ಟಿದವರು ಹೆಂಗಸರೇ ಎಂದು ನಾನು ನಂಬಿದ್ದೇನೆ.

ಆ ಚಳಿಗಾಲ ಈಗ ನೆನೆದರೆ ಅರೆನಿದ್ದೆಯಲ್ಲಿ ಕಂಡದ್ದರ ಹಾಗಿದೆ. ಹಂಚಿನ ಸಂದಿಯಿಂದ ಬಿದ್ದ ಬಿಸಿಲು ಚಾಪೆಯ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಸೊಗಡಿನ ವಾಸನೆ ಬೆರಳಿಗಂಟಿ, ತಲೆಗೇರಿ, ಕಣ್ಣು ತೂಗುತ್ತಿತ್ತು. ಒಗಟು ಕೇಳಿ ಕೇಳಿ ಮನೆಯ ಸಾಮಾನುಗಳ ಮೇಲೆ ನನಗೆ ಅನುಮಾನ ಶುರುವಾಗಿತ್ತು. ಮೂಲೆಯ ಪೊರಕೆ ಮಲಗಿದ್ದಾಳೆ, ಎಬ್ಬಿಸಬಾರದು ಎಂದು ಹೆಜ್ಜೆ ಸದ್ದಾಗದಂತೆ ನಡೆಯುತ್ತಿದ್ದೆ. ಬೀಸುವ ಕಲ್ಲು ನಾನು ಅತ್ತ ತಿರುಗಿದಾಗ ಉಸಿರು ಬಿಟ್ಟಂತೆ ಕೇಳಿಸುತ್ತಿತ್ತು. ಹೊಸ ಮನೆಯಲ್ಲಿ ಯಾರೂ ಪರಿಚಯವಿಲ್ಲದ ಹುಡುಗಿಗೆ ಮೊದಲು ನೆಂಟರಾದದ್ದು ಈ ಸಾಮಾನುಗಳೇ.

ಅವರೆ ಮುಗಿದು ಹುಣಸೆಹಣ್ಣಿನ ಬೀಜ ತೆಗೆಯುವ ಕಾಲ ಬರುವ ಹೊತ್ತಿಗೆ ನಾನು ಕಂಡು ಕೇಳಿದ ಊರುಗಳಲ್ಲಿ ನನ್ನ ಹತ್ತಿರ ಉಳಿದದ್ದು ಒಂದೇ, ನನ್ನ ತವರು ಚನ್ನರಾಯಪಟ್ಟಣ. ಅರಕಲಗೂಡು ಅತ್ತೆಯ ತವರು; ಅದನ್ನು ಕೊಡಲು ಅದು ನನ್ನದಲ್ಲವಲ್ಲ. ಆಗ ಅತ್ತೆ ಹುಣಸೆ ಜಜ್ಜುವ ಗುಂಡುಕಲ್ಲನ್ನು ಪಕ್ಕಕ್ಕಿಟ್ಟು, ಎಂದೂ ಇಲ್ಲದ ಮೆಲುದನಿಯಲ್ಲಿ ಒಂದು ಒಗಟು ಹಾಕಿದರು.

“ಓಗಾಗ ಎಲ್ಡು, ಬರಾಗ ಒಂದು, ಒಸ್ಲು ಮ್ಯಾಲ್ ನಿಂತ್ರೆ ಇಲ್ಲ ಒಂದೂ.”

ನೆರಳು ಎಂದೆ. ಅಲ್ಲ. ಬಾಗಿಲ ರೆಕ್ಕೆ ಎಂದೆ. ಅದೂ ಅಲ್ಲವೆಂದು ತಲೆಯಾಡಿಸಿದರು. ಊರು ಕೊಡುವುದೊಂದೇ ದಾರಿ.

“ಕೊಡು ಮತ್ತೆ ಚನ್ರಾಯಪಟ್ಣವ. ಆಮ್ಯಾಕೆ ಅದು ನಂದು. ಆಸಾಡಕ್ಕೆ ನೀನು ಅಲ್ಲಿಗೋಗ್ಬೇಕಾದ್ರೆ ನನ್ನೇ ಕೇಳ್ಕಂಡು ಓಗ್ಬೇಕು” ಎಂದು ನಕ್ಕರು.

ಅವರು ನಕ್ಕರು, ನನಗೆ ನಗು ಬರಲಿಲ್ಲ. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ತುಳಿಯಬಾರದೆಂದು ಸೊಸೆಯನ್ನು ತವರಿಗೆ ಕಳಿಸುವುದು ಪದ್ಧತಿ. ಆ ಒಂದು ತಿಂಗಳನ್ನು ನೆನೆದುಕೊಂಡೇ ನಾನು ಆ ಮನೆಯಲ್ಲಿ ದಿನ ತಳ್ಳುತ್ತಿದ್ದೆ. ನಮ್ಮಪ್ಪನಿಗೆ ತೆಂಗಿನಕಾಯಿಯ ವ್ಯಾಪಾರ. ಬೆಳಗಿನ ಜಾವ ಅಂಗಳದಲ್ಲಿ ಕಾಯಿ ಸುಲಿಯುವ ಸದ್ದು, ಅಟ್ಟದ ಮೇಲಿನ ಕೊಬ್ಬರಿಯ ವಾಸನೆ, ಅವ್ವ ತಲೆಗೆ ಎಣ್ಣೆ ಒತ್ತುತ್ತಾ ಬೈಯುವುದು — ಇವೆಲ್ಲ ಆ ಊರಿನೊಳಗೇ ಇದ್ದವು. ಆಟದಲ್ಲಿ ಕೊಟ್ಟರೆ ನಿಜವಾಗಿ ಹೋಗುತ್ತದೆಯೇ? ಎಂಟನೇ ಕ್ಲಾಸು ಓದಿದವಳಿಗೆ ಇಷ್ಟೂ ಗೊತ್ತಾಗಲಿಲ್ಲವೇ ಎಂದು ನೀವು ನಗಬಹುದು. ಅಷ್ಟು ಊರು ಸೋತವಳಿಗೆ ಮಾತ್ರ ಅದು ಆಟವೆಂದು ಅನಿಸುತ್ತಿರಲಿಲ್ಲ. ನಾನು ಕೊಡಲಿಲ್ಲ.

ಉತ್ತರ ಸಿಗಲಿಲ್ಲ. ನೀರು ಸೇದುವಾಗ, ರಾಗಿ ಬೀಸುವಾಗ, ಹೊಳೆಯಲ್ಲಿ ಬಟ್ಟೆ ಒಗೆಯುವಾಗ ಅದೇ ಒಗಟು. ಒಗಟಿನ ಗುಂಗಿನಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಮ್ಮನೆಯವರು ತುಟಿ ಪಿಟಕ್ಕೆನ್ನದೆ ಉಂಡರು, ಪಾಪ. ವಾರಕ್ಕೊಮ್ಮೆ ನಾನೊಂದು ಉತ್ತರ ತಂದು ಒಪ್ಪಿಸುವುದು, ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಒಸ್ಲು ಮ್ಯಾಲ್ ನಿಂತ್ರೆ ಒಂದೂ ಇರಬಾರ್ದಲ್ಲ ಮಗ, ಅದು ಒಂದೈತೆ” ಎಂದು ವಾಪಸು ಮಾಡುವುದು. ಹಾಗೆ ಹೇಳುವಾಗ ಅವರಿಗೂ ಸ್ವಲ್ಪ ಬೇಜಾರಾದ ಹಾಗೆ ಕಾಣುತ್ತಿತ್ತು. ನನಗೆ ಅದು ಊರು ಸಿಗಲಿಲ್ಲವೆಂಬ ಬೇಜಾರು ಎನಿಸಿತ್ತು.

ಆಷಾಢಕ್ಕೆ ಮೊದಲು ನಮ್ಮಣ್ಣ ಕರೆದೊಯ್ಯಲು ಬಂದ. ನಾನು ಗಂಟು ಕಟ್ಟಿಕೊಂಡು, ಅತ್ತೆಯ ಕಾಲಿಗೆ ಬಿದ್ದು, ಹೊಸ್ತಿಲ ಹತ್ತಿರ ಬಂದೆ. ತವರು ಎಲ್ಲೂ ಹೋಗಿರಲಿಲ್ಲ, ಬಸ್ಸು ಹೊರಡುವುದಿತ್ತು, ಮನಸ್ಸು ಹಗುರಾಗಿತ್ತು. ಅಲ್ಲಿ ನಿಂತಾಗ ನನ್ನ ಹಾಳು ಕುತೂಹಲ ತಡೆಯಲಿಲ್ಲ. ಇನ್ನೊಂದು ತಿಂಗಳು ಆ ಒಗಟನ್ನು ಹೊತ್ತು ತಿರುಗುವುದು ನನ್ನಿಂದಾಗದು ಎನಿಸಿತು.

“ಅತ್ತೆ, ಸೋತೆ. ಚನ್ನರಾಯಪಟ್ಣ ಕೊಟ್ಟೆ. ಉತ್ತರ ಹೇಳಿ” ಎಂದೆ.

ಅತ್ತೆಯ ಮುಖ ಬಾಡಿಹೋಯಿತು. ಓಡಿ ಬಂದು ನನ್ನ ಕೈ ಹಿಡಿದುಕೊಂಡರು.

“ಬ್ಯಾಡ ಕಣವ್ವ, ಇಟ್ಕೊ, ನಿನ್ನೂರು ನಿಂಗೇ ಇರ್ಲಿ. ನಂಗೂ ಉತ್ರ ಗೊತ್ತಿಲ್ಲ. ನಾನು ಇಲ್ಲಿಗೆ ಬಂದ ವರ್ಸ ನಮ್ಮತ್ತೆ ಕೇಳಿದ್ ಒಗಟು ಅದು. ಎಲ್ಲಾ ಊರೂ ಸೋತಿದ್ದೆ. ಅರಕಲಗೂಡು ಕೊಡಕ್ಕೆ ಮನಸು ಬರ್ನಿಲ್ಲ. ಅವರು ಉತ್ರ ಏಳ್ನಿಲ್ಲ, ಅಂಗೇ ಓಗ್ಬುಟ್ರು. ನೀನು ಓದ್ದೋಳಲ್ವಾ, ಬಿಡಿಸೀಯೇನೋ ಅಂತ…”

ಅಷ್ಟು ತಿಂಗಳು ನಾನು ಅವರನ್ನು ನನ್ನ ಊರಿನ ಮೇಲೆ ಕಣ್ಣಿಟ್ಟ ಸಾಹುಕಾರತಿ ಎಂದುಕೊಂಡಿದ್ದೆ. ನಾಚಿಕೆಯಾಯಿತು. ಬಸ್ಸಿನಲ್ಲಿ ಕೂತ ಮೇಲೆ ಇನ್ನೊಂದು ಹೊಳೆಯಿತು. ಅತ್ತೆ ಅರಕಲಗೂಡಿಗೆ ಹೋಗಿ ಹನ್ನೆರಡು ವರ್ಷವಾಗಿತ್ತೆಂದು ನಮ್ಮನೆಯವರು ಒಮ್ಮೆ ಹೇಳಿದ್ದರು. ಅಪ್ಪ ಅವ್ವ ತೀರಿಕೊಂಡ ಮೇಲೆ ಅಲ್ಲಿಂದ ಕರೆಯುವವರಿರಲಿಲ್ಲ, ಕರೆಯದೆ ಹೋಗುವ ಹೆಂಗಸು ಅವರಲ್ಲ. ಹೋಗಲಾಗದ ಊರನ್ನು ಅವರು ಅಷ್ಟು ಜೋಪಾನವಾಗಿ ಇಟ್ಟುಕೊಂಡಿದ್ದರು. ಕಿಟಕಿಯಾಚೆ ಅರಕಲಗೂಡು ಬಂತು, ಒಂದಿಷ್ಟು ಜನ ಇಳಿದರು, ಹತ್ತಿದರು, ಊರು ಹಿಂದೆ ಸರಿಯಿತು.

ತವರಿನಲ್ಲಿ ತಿಂಗಳು ಕಳೆದದ್ದೇ ಗೊತ್ತಾಗಲಿಲ್ಲ. ಅವ್ವ ಎಣ್ಣೆ ಒತ್ತಿದಳು, ಬೈದಳು. ಶ್ರಾವಣದಲ್ಲಿ ಅಣ್ಣನೇ ಬಿಡಲು ಬಂದ. ಅರಕಲಗೂಡಿನಲ್ಲಿ ಬಸ್ಸು ನಿಂತಾಗ ನಾನು ಇಳಿದುಬಿಟ್ಟೆ. “ಲೇ, ಬಸ್ ಒಂಟೋಯ್ತದೆ ಬಾರೇ” ಎಂದು ಅಣ್ಣ ಕೂಗುತ್ತಿದ್ದ. ಅಂಗಡಿಯಲ್ಲಿ ಒಂದು ಡಜನ್ ಹಸಿರು ಗಾಜಿನ ಬಳೆ, ಅರಿಸಿನ ಕುಂಕುಮ, ಎಲೆ ಅಡಿಕೆ ಕಟ್ಟಿಸಿಕೊಂಡು ಓಡಿಬಂದು ಹತ್ತಿದೆ.

ಮನೆ ಸೇರಿದ ಮೇಲೆ ಪೊಟ್ಟಣವನ್ನು ಅತ್ತೆಯ ಮಡಿಲಿಗೆ ಹಾಕಿದೆ.

“ಎಲ್ಲೀದು?”

“ಅರಕಲಗೂಡಿಂದ ಬಂದದ್ದು ಅತ್ತೆ.”

“ಅಲ್ಲಿಂದ ನಂಗೆ ಬಳೆ ಕಳ್ಸೋರು ಯಾರವ್ರೆ?”

ಅವರಿಗೆ ನಾನು ಹಾಕಿದ ಮೊದಲ ಒಗಟು ಅದು. ಪ್ರಾಸ ಗೀಸ ಏನೂ ಇರಲಿಲ್ಲ. “ನೀವೇ ಬಿಡಿಸಿ. ಆಗದಿದ್ದರೆ ಊರು ಕೊಡಿ” ಎಂದೆ.

ಅತ್ತೆ ಬಳೆಗಳನ್ನು ನೋಡಿದರು, ನನ್ನನ್ನು ನೋಡಿದರು. ಉತ್ತರ ಎದುರಿಗೇ ನಿಂತಿತ್ತು; ಅವರಿಗೆ ಗೊತ್ತಾಗದೆ ಇರಲಿಲ್ಲ.

“ಉತ್ರಾನೂ ಬ್ಯಾಡ, ಊರೂ ಕೊಡಕಿಲ್ಲ” ಎಂದು, ತೊಡಿಸೆಂದು ಎರಡೂ ಕೈ ನನ್ನ ಮುಂದೆ ಚಾಚಿದರು.