ಜಿಂಕೆ ತರುವವರೆಗೆ

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಬಿಲ್ಲು ಹಿಡಿದರೆ ಮೊದಲು ಸೋಲುವುದು ಭುಜ. ಆ ಬೇಸಿಗೆಯಲ್ಲಿ ಅಂಗಿಯ ತೋಳಿಗೆ ಕೈ ತೂರಿಸುವುದೂ ನನ್ನಿಂದ ಆಗುತ್ತಿರಲಿಲ್ಲ. ಬೆಳಿಗ್ಗೆ ಹೆಂಡತಿ ಬಾಗಿಲ ಬಳಿ ನಿಂತು ತೋಳು ಹಿಡಿದು ತೊಡಿಸುತ್ತಿದ್ದಳು, ಮಗಳಿಗೆ ಶಾಲೆಯ ಜಾಕೆಟ್ ತೊಡಿಸುತ್ತಿದ್ದ ಹಾಗೆ.

ಆಗ ನಾವು ಕ್ಯಾಲಿಫೋರ್ನಿಯಾದ ಕ್ಯಾಂಪ್‌ಬೆಲ್‌ನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟಿನಲ್ಲಿದ್ದೆವು. ನಾನು ಸ್ಯಾನ್ ಹೋಸೆಯ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಕಂಪನಿಗಳು ಕಳಿಸುವ ಮೀಟರುಗಳು, ಗೇಜುಗಳು ಸರಿಯಾಗಿ ಅಳೆಯುತ್ತವೆಯೇ ಎಂದು ನೋಡಿ ಚೀಟಿ ಅಂಟಿಸುವುದು ನನ್ನ ಕೆಲಸ. ಹೆಂಡತಿ ಅರ್ಧ ದಿನ ಡೇಕೇರಿನಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ನಾವಿಬ್ಬರೂ ಗದಗಿನ ಕಡೆಯವರು. ಮುಸಲ್ಮಾನರಾದರೂ ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಕನ್ನಡವೇ. ಮಸೀದಿಯಲ್ಲಿ ಬೆಂಗಳೂರಿನ ಉರ್ದುವಿನವರು ಅದಕ್ಕೆ ನಗುವುದಿತ್ತು. ಆದರೆ ಭಾನುವಾರ ನನ್ನ ಹೆಂಡತಿ ಮಾಡುತ್ತಿದ್ದ ಮಟನ್ ಸಾರು ಮತ್ತು ಜೋಳದ ರೊಟ್ಟಿಗೆ ಅವರೂ ಫ್ರೀಮಾಂಟಿನಿಂದ ಕಾರು ಮಾಡಿಕೊಂಡು ಬರುತ್ತಿದ್ದರು. ಅವಳಿಗೆ ಮಾಂಸದ ಅಡುಗೆಯ ಮೇಲೆ ಅಂಥ ಹಿಡಿತ, ಅಂಥ ಪ್ರೀತಿ. ಮೂಳೆಯೊಳಗಿನ ಮಜ್ಜೆಯನ್ನು ತಟ್ಟೆಗೆ ತಟ್ಟಿ ತೆಗೆದು, ರೊಟ್ಟಿಯ ತುಣುಕಿಗೆ ಸವರಿ, ಮೊದಲು ತಾನು ತಿಂದು ಆಮೇಲೆ ನನಗೆ ಕೊಡುವವಳು.

ಬಿಲ್ಲಿನ ಹುಚ್ಚು ಹಿಡಿಸಿದವನು ನಮ್ಮ ಲ್ಯಾಬಿನಿಂದ ರಿಟೈರಾದ ಒಬ್ಬ ಅಮೆರಿಕನ್ ಮುದುಕ. ಮಾರ್ಗನ್ ಹಿಲ್‌ನ ಪೂರ್ವದ ಗುಡ್ಡಗಳಲ್ಲಿ ಅವನಿಗೆ ಒಂದಿಷ್ಟು ಜಮೀನು, ದನಗಳು ಇದ್ದವು. ಅವನ ನೀರಿನ ಪಂಪಿನ ಗೇಜು ಸರಿಮಾಡಿಕೊಡಲು ಹೋದ ನಾನು, ಬೇಲಿಯಾಚೆ ನಿಂತ ಕವಲುಕೊಂಬಿನ ಗಂಡು ಜಿಂಕೆಯನ್ನು ನೋಡುತ್ತ ಚಹಾ ಆರಿಸಿಕೊಂಡೆ. ದನಗಳಿರುವುದರಿಂದ ಅವನು ಬಂದೂಕಿಗೆ ಅನುಮತಿ ಕೊಡುತ್ತಿರಲಿಲ್ಲ, ಬಿಲ್ಲಿಗಾದರೆ ಸೈ. ಒಂದು ಹಳೆಯ ಬಿಲ್ಲನ್ನು ನನ್ನ ಕೈಗಿಟ್ಟು, ಹುಲ್ಲಿನ ಹೊರೆಗೆ ಕಾಗದದ ತಟ್ಟೆ ಸಿಕ್ಕಿಸಿ, ಹೊಡಿ ಎಂದ. ಬಾಣ ಹೊರೆಯನ್ನೇ ಮುಟ್ಟಲಿಲ್ಲ.

ಒಂದು ವರ್ಷ ಹೊಡೆದೆ. ಬೇಟೆಯ ಕ್ಲಾಸಿಗೆ ಹೋಗಿ, ಪರೀಕ್ಷೆ ಬರೆದು, ಲೈಸೆನ್ಸು, ಹೊಡೆದ ಜಿಂಕೆಗೆ ಕಟ್ಟಬೇಕಾದ ಸರ್ಕಾರಿ ಟ್ಯಾಗು ತೆಗೆದುಕೊಂಡೆ. ಲ್ಯಾಬಿನ ಅಭ್ಯಾಸದಿಂದ ಒಂದು ನೋಟ್‌ಬುಕ್ಕಿನಲ್ಲಿ ಗಾಳಿ, ಬಿಸಿಲು, ಎಷ್ಟು ಹೆಜ್ಜೆ ದೂರ ಎಲ್ಲ ಬರೆದಿಡುತ್ತಿದ್ದೆ. ಆ ಗುಡ್ಡಗಳಲ್ಲಿ ಬಿಲ್ಲಿನ ಬೇಟೆಯ ಕಾಲ ಜುಲೈಯ ಉರಿಬಿಸಿಲಿನಲ್ಲಿ ಬರುತ್ತದೆ. ಮೊದಲ ಸಲ ಜಿಂಕೆ ಮೂವತ್ತು ಹೆಜ್ಜೆ ದೂರಕ್ಕೆ ಬಂದಾಗ, ಬಕ್ರೀದಿಗೆ ಕುರಿ ಹಿಡಿದು ನಿಂತವರು ಹೇಳುವ ಹಾಗೆ ಗಟ್ಟಿಯಾಗಿ ಬಿಸ್ಮಿಲ್ಲಾ ಎಂದು ಬಾಣ ಬಿಟ್ಟೆ. ಜಿಂಕೆ ಮಾತು ಕೇಳಿ ಹೋಯಿತು, ಬಾಣ ಆಮೇಲೆ ಹೋಯಿತು. ಮುದುಕ ಟೋಪಿ ತೆಗೆದು ತಲೆ ಕೆರೆದುಕೊಂಡು, ಮುಂದಿನ ಸಲ ಜಿಂಕೆಗೆ ಮೊದಲೇ ಒಂದು ಪತ್ರ ಬರೆದುಬಿಡು, ಇನ್ನೂ ಮರ್ಯಾದೆ ಎಂದ.

ಅದು ನಗುವ ಮಾತು. ಅದರ ಮುಂದಿನ ವರ್ಷದ್ದು ಅಲ್ಲ.

ಆ ವರ್ಷ ಲ್ಯಾಬಿಗೆ ಕೆಲಸವೋ ಕೆಲಸ. ಎರಡು ಸಾವಿರದ ಇಸವಿ ಹುಟ್ಟಿದ ಕೂಡಲೇ ಯಂತ್ರಗಳು ಕೆಡುತ್ತವೆಂಬ ವೈಟುಕೆ ಭಯಕ್ಕೆ ಎಲ್ಲ ಕಂಪನಿಗಳೂ ಎಲ್ಲ ಯಂತ್ರಗಳನ್ನೂ ನಮ್ಮ ಮೇಲೆ ಸುರಿಯುತ್ತಿದ್ದವು. ಬೇಟೆಗೆ ನನಗೆ ಸಿಕ್ಕಿದ್ದು ಒಂದೇ ಶನಿವಾರ. ಬೆಳಿಗ್ಗೆ ಏಳೂವರೆಗೆ ಗಂಡು ಜಿಂಕೆಯೊಂದು ಓಕ್ ಮರದ ನೆರಳಿನಿಂದ ಇಳಿದು ಬಂತು. ತುಟಿಯೊಳಗೇ ಬಿಸ್ಮಿಲ್ಲಾ ಹೇಳಿಕೊಂಡು ಬಿಟ್ಟೆ. ಬಾಣ ತಾಗಿತು, ಆದರೆ ಹಿಂದಕ್ಕೆ, ಹೊಟ್ಟೆಗೆ. ಜಿಂಕೆ ಬೆನ್ನು ಬಾಗಿಸಿ ನಿಧಾನಕ್ಕೆ ನಡೆದು ಪೊದೆಯೊಳಗೆ ಮಲಗಿತು. ಮುದುಕ ನೂರು ಸಲ ಹೇಳಿದ್ದ: ಹೊಟ್ಟೆಗೆ ತಾಗಿದರೆ ಕೂತುಬಿಡು, ಗಂಟೆಗಟ್ಟಲೆ ಕೂತಿರು, ಅದು ಮಲಗಿದಲ್ಲೇ ಸಾಯುತ್ತದೆ, ಹಿಂದೆ ಹೋದರೆ ಎದ್ದು ಓಡುತ್ತದೆ, ಮತ್ತೆ ಸಿಗುವುದಿಲ್ಲ.

ನನಗೆ ಎಲ್ಲ ನೆನಪಿತ್ತು. ಆದರೆ ತಲೆಯಲ್ಲಿ ಇದ್ದದ್ದು ಒಂದೇ ಯೋಚನೆ: ಜೀವ ಇರುವಾಗಲೇ ಅದರ ಕುತ್ತಿಗೆಗೆ ಚೂರಿ ಹಾಕಬೇಕು. ಹಾಕದೆ ಸತ್ತರೆ ಹಲಾಲ್ ಆಗುವುದೋ ಇಲ್ಲವೋ, ಹೆಂಡತಿಯ ಮುಂದೆ ಏನೆಂದು ಇಡಲಿ? ಬಿಸ್ಮಿಲ್ಲಾ ಹೇಳಿ ಬಿಟ್ಟ ಬಾಣದಿಂದಲೇ ಸತ್ತರೂ ತಿನ್ನಬಹುದೆಂದು ಆಮೇಲೆ ತಿಳಿಯಿತು. ಆಗ ನನಗೆ ಗೊತ್ತಿದ್ದದ್ದು ನಮ್ಮೂರಿನ ಕುರಿ, ಚೂರಿ ಅಷ್ಟೇ. ಸೊಂಟದಿಂದ ಚೂರಿ ತೆಗೆದುಕೊಂಡು ಓಡಿದೆ. ಜಿಂಕೆ ಎದ್ದಿತು. ನನ್ನನ್ನು ನೋಡಿತು. ಗುಡ್ಡ ಹತ್ತಿ ಆಚೆ ಇಳಿಯಿತು.

ಸಂಜೆಯವರೆಗೆ ಮಂಡಿಯೂರಿ ರಕ್ತದ ಹನಿ ಹುಡುಕಿದೆವು. ಎಪ್ಪತ್ತು ದಾಟಿದ ಮುದುಕನೂ ನನ್ನ ಜೊತೆ ಮಂಡಿಯೂರಿದ, ಒಂದು ಮಾತೂ ಬಯ್ಯಲಿಲ್ಲ. ಭಾನುವಾರ ಮತ್ತೆ ಹೋದೆ. ಆಚೆಯ ಕಣಿವೆಯ ಮೇಲೆ ಹದ್ದುಗಳು ಸುತ್ತುತ್ತಿದ್ದವು.

ಆ ರಾತ್ರಿ ಹೆಂಡತಿ ಸಾರಿನ ಬಟ್ಟಲು ಮುಂದಿಟ್ಟಳು. ಕೈ ಹಾಕಲಾಗಲಿಲ್ಲ. ಒಂದು ಜಿಂಕೆಯನ್ನು ನೆಟ್ಟಗೆ ಮುಗಿಸಿ ಈ ಮನೆಗೆ ತರುವವರೆಗೆ ನಾನು ಮಾಂಸ ಮುಟ್ಟುವುದಿಲ್ಲ, ಅಲ್ಲಾನ ಆಣೆ ಎಂದುಬಿಟ್ಟೆ.

"ಸಿಟ್ಟಿನಾಗ ಆಣಿ ಮಾಡಬಾರದ್ರೀ" ಎಂದಳು.

"ಸಿಟ್ಟಲ್ಲ ಇದು."

"ಮತ್ತೇನು, ಖುಷಿಯಾಗಿ ಮಾಡಿದ್ರೇನು?"

ಬಟ್ಟಲು ಎತ್ತಿ ಒಳಗಿಟ್ಟಳು. ತನ್ನದನ್ನೂ ಎತ್ತಿಟ್ಟಳು. ಮರುದಿನ ನೋಡಿದರೆ ಇಬ್ಬರಿಗೂ ಬದನೆಕಾಯಿ ಎಣ್ಣೆಗಾಯಿ. ನಿನಗೇನಾಗಿದೆ, ನೀನು ತಿನ್ನು ಎಂದರೆ, "ನೀವು ಉಣ್ಣಲಾರದ್ದು ನನ್ನ ಗಂಟಲದಾಗ ಹೆಂಗ ಇಳೀತದ?" ಎಂದು ಕೇಳಿ ರೊಟ್ಟಿ ತಟ್ಟಲು ಹೋದಳು. ನನ್ನ ಆಣೆಯೊಳಗೆ ಅವಳು ಬಂದು ಕೂತದ್ದು ಹೀಗೆ. ಅಂದಿನಿಂದ ಆ ಜಿಂಕೆ ನನಗೆ ಬೇಟೆಯ ಆಸೆಯಾಗಿ ಉಳಿಯಲಿಲ್ಲ. ಅದು ಸಿಕ್ಕರೆ ಮಾತ್ರ ಅವಳು ಮತ್ತೆ ಆ ಪ್ರೀತಿಯ ಊಟ ಉಣ್ಣುತ್ತಾಳೆ, ಸಿಗದಿದ್ದರೆ ಇಲ್ಲ. ಅಷ್ಟೇ ಲೆಕ್ಕ.

ಅದಾದ ಮೇಲೆ ಬಂದ ಬಕ್ರೀದಿಗೆ ನಮ್ಮ ಪಾಲಿಗೆ ಬಂದದ್ದನ್ನು ಪೂರ್ತಿ ಹಂಚಿ, ಕೈ ತೊಳೆದು, ಇಬ್ಬರೂ ಬೇಳೆಸಾರು ಉಂಡೆವು. ಮಗಳು ಮೇಜಿನ ಆಚೆ ಕೂತು ನೋಡಿದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಮಾತು ಮಾತ್ರ ಇಂಗ್ಲಿಷು. "ಅಬ್ಬಾ, ದಿಸ್ ಈಸ್ ಬಿಟ್ವೀನ್ ಯು ಅಂಡ್ ದ ಡಿಯರ್. ವೈ ಈಸ್ ಅಮ್ಮಿ ಇನ್ ಇಟ್?" ಎಂದು ಕೇಳಿದಳು. ನಾನು ಇನ್ನೊಂದು ಸೌಟು ಬೇಳೆಸಾರು ಹಾಕಿಕೊಂಡೆ.

ಲ್ಯಾಬಿನಲ್ಲಿ ಪಕ್ಕದ ಮೇಜಿನವನು ಮೈಸೂರಿನ ಬ್ರಾಹ್ಮಣ. ನನ್ನ ಡಬ್ಬಿಗೆ ದಿನಾ ಇಣುಕುತ್ತಿದ್ದ. "ಸಾಹೇಬ್ರೇ, ನಮ್ಮೋರೆಲ್ಲ ವೀಕೆಂಡು ಚಿಕನ್ನು ಶುರು ಹಚ್ಕೊಂಡಿದಾರೆ. ನೀವು ಉಲ್ಟಾ ಈ ಕಡೆ ಬರ್ತಿದ್ದೀರ. ನನ್ ಹತ್ರ ಜನಿವಾರ ಒಂದು ಎಕ್ಸ್‌ಟ್ರಾ ಇದೆ, ತಂದುಕೊಡ್ಲಾ?"

"ಮೊದಲು ನಿಮ್ಮ ಹುಳಿಯ ಡಬ್ಬಿ ಇತ್ತ ತಳ್ಳಿ, ಜನಿವಾರ ಆಮೇಲೆ ನೋಡೋಣ" ಎನ್ನುತ್ತಿದ್ದೆ. ಅವನು ತಳ್ಳುತ್ತಿದ್ದ. ಒಳ್ಳೆಯ ಹುಳಿ.

ಮೂರನೆಯ ಬೇಟೆಯ ಕಾಲಕ್ಕೆ ನಾನು ಕಾಯುವುದನ್ನು ಕಲಿತಿದ್ದೆ. ಈ ಸಲವೂ ಬಾಣ ಸ್ವಲ್ಪ ಹಿಂದಕ್ಕೇ ತಾಗಿತು. ಜಿಂಕೆ ಇಳಿಜಾರಿನ ಪೊದೆಗಳಲ್ಲಿ ಮರೆಯಾಯಿತು. ನಾನು ಎದ್ದೇಳಲಿಲ್ಲ. ಗಡಿಯಾರ ಬಿಚ್ಚಿ ಕಲ್ಲಿನ ಮೇಲಿಟ್ಟುಕೊಂಡು ಮೂರು ಗಂಟೆ ಕೂತೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಇರುವೆಗಳು ಕಾಲ ಮೇಲೆ ಹತ್ತುತ್ತಿದ್ದವು. ಆಮೇಲೆ ರಕ್ತದ ಗುರುತು ಹಿಡಿದು ಇಳಿದೆ. ಗುರುತು ಪೊದೆಯಲ್ಲಿ ನಿಂತಿರಲಿಲ್ಲ. ಗಾಯವಾದ ಪ್ರಾಣಿಗೆ ಬಾಯಾರುತ್ತದೆ. ಅದು ದನಗಳಿಗೆಂದು ಕಟ್ಟಿದ ಕುಂಟೆಗೆ ಇಳಿದಿತ್ತು. ನೀರಿನಲ್ಲಿ ಮಗ್ಗುಲಾಗಿ ಬಿದ್ದಿತ್ತು, ಮೂತಿ ಮುಳುಗಿತ್ತು, ಒಂದು ಕಿವಿ ಮಾತ್ರ ಮೇಲೆ.

ಟ್ಯಾಗು ಕೊಂಬಿಗೆ ಕಟ್ಟಿದೆ. ಆದರೆ ಮನೆಗೆ ಒಯ್ಯುವ ಮುಂಚೆ ಮುದುಕನ ಅಡುಗೆಮನೆಯಿಂದ ನಮ್ಮ ಮೌಲ್ವಿಯವರಿಗೆ ಫೋನು ಮಾಡಿದೆ. ಅವರು ಅವಸರ ಮಾಡದೆ ಕೇಳಿದರು: ದಡದಲ್ಲಿತ್ತೇ, ನೀರಿನಲ್ಲೇ? ಮೂತಿ ಹೊರಗಿತ್ತೇ? ಎಲ್ಲ ಕೇಳಿಕೊಂಡು, ಬಾಣದಿಂದ ಸತ್ತಿತೋ ಮುಳುಗಿ ಸತ್ತಿತೋ ಹೇಳುವಂತಿಲ್ಲ. ಅನುಮಾನ ಇರುವಲ್ಲಿ ತಿನ್ನಬೇಡಿ ಎಂದರು. ಮುದುಕನಿಗೆ ಹೇಳಿದೆ. ಅವನು ಫ್ರೀಜರಿನಲ್ಲಿ ಜಾಗ ಮಾಡಲು ಹೋದ. ಇಡೀ ಜಿಂಕೆ ಅವನದಾಯಿತು.

ಓಡಿ ಹೋದರೆ ಹದ್ದಿಗೆ, ಕೂತು ಕಾದರೆ ನೀರಿಗೆ. ಮನೆಗೆ ಬರುವ ದಾರಿಯಲ್ಲಿ ಲಾಸ್ ಗ್ಯಾಟೋಸ್‌ಗೆ ತಿರುಗುವ ರಸ್ತೆಯವರೆಗೂ ಹೋಗಿಬಿಟ್ಟಿದ್ದೆ, ನಮ್ಮ ಎಕ್ಸಿಟ್ಟು ದಾಟಿದ್ದು ಗೊತ್ತೇ ಆಗಿರಲಿಲ್ಲ.

ಮೌಲ್ವಿಯವರು ಇನ್ನೊಂದು ಮಾತೂ ಹೇಳಿದ್ದರು. ಆಣೆಗೆ ಪರಿಹಾರವಿದೆ, ಹತ್ತು ಬಡವರಿಗೆ ಉಣಿಸಿ ಬಿಡಿಸಿಕೊಳ್ಳಬಹುದು ಎಂದು. ಇದನ್ನು ಕೇಳಿ ಹೆಂಡತಿ ನಡು ನೆಟ್ಟಗೆ ಮಾಡಿ ಕೂತಳು.

"ಹತ್ತು ಮಂದಿ ಏನ್ ದೊಡ್ಡದು? ಅಡಗಿ ನಾ ಮಾಡ್ತೀನಿ. ನೀವು ಬರೇ ಬಡಸರಿ."

"ಇನ್ನೊಂದು ವರ್ಷ ನೋಡ್ತೀನಿ."

"ಆ ಗುಡ್ಡ ಎಲ್ಲಿಗೂ ಹೋಗೂದಿಲ್ರೀ. ಆದ್ರ ನಮ್ಮ ವಯಸ್ಸು ಹೊಂಟದ."

ಅವಳು ಅಷ್ಟು ಬೇಡಿಕೊಂಡದ್ದು ಬೇರೆ ಯಾವಾಗಲೂ ನನಗೆ ನೆನಪಿಲ್ಲ. ಆದರೂ ಒಪ್ಪಲಿಲ್ಲ. ಆ ಮೊದಲ ಜಿಂಕೆ ಎದ್ದು ನಿಂತು ನೋಡಿದ ನೋಟಕ್ಕೆ ಹತ್ತು ಜನರ ಊಟ ಹೇಗೆ ಸಮವಾಗುತ್ತದೆ ಎಂದು ವಾದಿಸಿದೆ. ಮೀಟರು ತಪ್ಪು ತೋರಿಸಿದರೆ ಚೀಟಿ ಅಂಟಿಸಿ ಕಳಿಸುವವನಲ್ಲ ನಾನು ಎಂದೆಲ್ಲ ಹೇಳಿದೆ. ದೊಡ್ಡ ಮಾತು. ಈಗ ಆ ಮಾತು ನೆನೆದರೆ ಎದ್ದು ಹೋಗಿ ಎಲ್ಲಾದರೂ ಒಂಟಿಯಾಗಿ ನಿಲ್ಲಬೇಕೆನಿಸುತ್ತದೆ.

ಮರುವರ್ಷದ ವಸಂತದಲ್ಲಿ ಲ್ಯಾಬು ಮುಚ್ಚಿತು. ಕಂಪನಿಗಳೇ ಮುಚ್ಚುತ್ತಿರುವಾಗ ಅವರ ಮೀಟರುಗಳನ್ನು ಅಳೆಸುವವರು ಯಾರು? ಮೈಸೂರಿನವನು ಡಲ್ಲಾಸಿಗೆ ಹೋದ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ದಿನಕ್ಕೊಂದು ಬಾಡಿಗೆ ಟ್ರಕ್ಕು ನಿಂತು ಸೋಫಾ ಹತ್ತಿಸಿಕೊಳ್ಳುತ್ತಿತ್ತು. ಹೆಂಡತಿ ಡೇಕೇರಿನಲ್ಲಿ ಪೂರ್ತಿ ದಿನ ಮಾಡತೊಡಗಿದಳು. ನಾನು ಬೆಳಿಗ್ಗೆ ಅವಳನ್ನು ಬಿಟ್ಟು, ಮುದುಕನ ಜಮೀನಿಗೆ ಹೋಗಿ, ಹುಲ್ಲಿನ ಹೊರೆಗೆ ಬಾಣ ಹೊಡೆದು, ಸಂಜೆ ಅವಳನ್ನು ಕರೆತರುತ್ತಿದ್ದೆ. ಇಪ್ಪತ್ತು ಹೆಜ್ಜೆಯಿಂದ ಎಲ್ಲ ಬಾಣಗಳೂ ಒಂದೇ ತಟ್ಟೆಯೊಳಗೆ ಬೀಳುವಷ್ಟು ಹೊಡೆದೆ. ಮಾಡಲು ಬೇರೇನೂ ಇರಲಿಲ್ಲ.

ಆ ಜುಲೈಯಲ್ಲಿ ಒಂಬತ್ತು ದಿನ ಕೂತೆ. ಹತ್ತನೆಯ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ಬೇಲಿಯ ಪಕ್ಕದ ಓಕ್ ಮರದಡಿ ಗಂಡು ಜಿಂಕೆಯೊಂದು ತಲೆ ತಗ್ಗಿಸಿ ಬಂತು. ಹದಿನೆಂಟು ಹೆಜ್ಜೆ. ಬಾಣ ಮುಂಗಾಲಿನ ಹಿಂದೆ ಹೊಕ್ಕು ಆಚೆ ಹೊರಟಿತು. ಜಿಂಕೆ ಒಣಗಿದ ಹುಲ್ಲಿನಲ್ಲಿ ನಲವತ್ತು ಹೆಜ್ಜೆ ಓಡಿ, ನನ್ನ ಕಣ್ಣೆದುರೇ ಮುಗ್ಗರಿಸಿ ಬಿತ್ತು. ಹೋದೆ. ಇನ್ನೂ ಉಸಿರಿತ್ತು. ಬಿಸ್ಮಿಲ್ಲಾ ಹೇಳಿ ಚೂರಿ ಹಾಕಿದೆ. ಎಲ್ಲವೂ ಹೇಗಾಗಬೇಕೋ ಹಾಗೇ ಆಯಿತು. ಪಕ್ಕದಲ್ಲಿ ಕೂತೆ. ಸಂತೋಷ ಬರುತ್ತದೆಂದು ಕಾದೆ, ಬರಲಿಲ್ಲ. ನಿದ್ದೆ ಬಂದ ಹಾಗಾಯಿತು. ಮುದುಕ ಬಂದು ಬೆನ್ನು ತಟ್ಟಿದ, ಚರ್ಮ ಬಿಡಿಸಲು ಕೈಜೋಡಿಸಿದ.

ಐಸಿನ ಡಬ್ಬದಲ್ಲಿ ಮಾಂಸ ತುಂಬಿಕೊಂಡು ಫ್ರೀವೇಗೆ ಬಂದೆ. ವಾರದ ದಿನವಾದರೂ ರಸ್ತೆ ಖಾಲಿಯಿತ್ತು. ಕೆಲಸಕ್ಕೆ ಹೋಗುವವರೇ ಕಡಿಮೆ ಆಗಿದ್ದರು.

ಸಂಜೆ ಹೆಂಡತಿ ಡಬ್ಬ ತೆರೆದು ನೋಡಿದಳು. "ಬಂತಲ್ರೀ, ಕಡೀಕ" ಎಂದು ನಕ್ಕಳು. ಅರಿಶಿನ ಹಚ್ಚಿ ತೊಳೆದಳು, ಕೊಬ್ಬರಿ ಸುಟ್ಟಳು, ಗಸಗಸೆ ಅರೆದಳು. ಕಿಟಕಿಗಳನ್ನೆಲ್ಲ ತೆರೆದು ಸೆರಗನ್ನು ಮೂಗಿಗೆ ಸುತ್ತಿಕೊಂಡದ್ದನ್ನು ನೋಡಿದೆ, ಒಗ್ಗರಣೆಯ ಘಾಟೆಂದುಕೊಂಡೆ. ನನಗೂ ಮಗಳಿಗೂ ಬಡಿಸಿ, ತನಗೂ ಒಂದು ತುಣುಕು ಹಾಕಿಕೊಂಡು ಕೂತಳು. ನಾನು ತಿಂದೆ. ಅವಳು ನನ್ನ ಮುಖ ನೋಡಿಕೊಂಡೇ ಬಾಯಿಗಿಟ್ಟಳು, ಎರಡು ಸಲ ಅಗಿದಳು, ಎದ್ದು ಸಿಂಕಿನ ಬಳಿ ಹೋದಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿತು.

ಬಂದು ತಟ್ಟೆಗೆ ಅನ್ನ ಮೊಸರು ಕಲಸಿಕೊಂಡಳು.

"ನನ್ನಿಂದ ಆಗೂದಿಲ್ರೀ. ವಾಸನಿ ಬಂದ್ರ ಹೊಟ್ಟಿ ತೊಳಸತದ. ಯಾವಾಗ ಬಿಟ್ಟ್ ಹೋತೋ ನನಗೂ ತಿಳೀಲಿಲ್ಲ."

"ಇವತ್ತೇನಾ ಹೀಗೆ?"

"ಹ್ವಾದ ಬಕ್ರೀದಿಗೇ ಗೊತ್ತಾತು. ಹಂಚೂವಾಗ ಹೊರಗ ಹೋಗಿ ನಿಂತಿದ್ದೆ."

"ಮೊದಲೇ ಹೇಳಬೇಕಿತ್ತು."

"ಹೇಳಿದ್ರ ನೀವು ಗುಡ್ಡಕ್ಕ ಹೋಗ್ತಿದ್ದಿಲ್ಲ. ಕೆಲಸ ಹ್ವಾದ ಮ್ಯಾಲ ನಿಮಗ ಹೋಗಾಕ ಮತ್ತೆಲ್ಲಿ ಜಾಗಾ ಇತ್ತು?"

ಮಗಳು ತಟ್ಟೆ ಎತ್ತಿಕೊಂಡು ತನ್ನ ಕೋಣೆಗೆ ಹೋದಳು.

ಡಾಕ್ಟರಿಗೆ ತೋರಿಸಿದೆವು, ದೇಹಕ್ಕೇನೂ ಆಗಿಲ್ಲ ಎಂದರು. ನಾನು ಬೇಡಿಕೊಂಡೆ, ಬಯ್ದೆ, ಬೇರೆ ಮಾಂಸ ತಂದು ನೋಡಿದೆ. ಅವಳಿಗೆ ಮತ್ತೆ ಹಿಡಿಯಲಿಲ್ಲ. ಜಿಂಕೆಯ ಮಾಂಸವನ್ನು ಎಸೆಯುವಂತಿರಲಿಲ್ಲ. ಪೊಟ್ಟಣ ಪೊಟ್ಟಣವಾಗಿ ಫ್ರೀಜರಿನಲ್ಲಿಟ್ಟು ಚಳಿಗಾಲದವರೆಗೆ ಒಬ್ಬನೇ ತಿಂದೆ. ನಾನೇ ಬೇಯಿಸಿಕೊಳ್ಳುತ್ತೇನೆಂದರೂ ಅವಳು ಬಿಡುತ್ತಿರಲಿಲ್ಲ. ಮೂಗು ಕಟ್ಟಿಕೊಂಡು ಮಾಡಿ, ಬಡಿಸಿ, ಎದುರಿಗೆ ಮೊಸರನ್ನದ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದಳು. ರುಚಿ ನೋಡಲಾಗದ್ದಕ್ಕೆ ಪ್ರತಿ ಸಲವೂ ಕೇಳುತ್ತಿದ್ದಳು.

"ಉಪ್ಪು ಸರಿ ಆಗೇದೇನ್ರೀ?"

ಸರಿಯಾಗಿದೆ ಎನ್ನುತ್ತಿದ್ದೆ. ಕಡಿಮೆ ಇರುತ್ತಿತ್ತು.