ಕಸ್ತೂರಿ ಅಕ್ಕನನ್ನು ಬಿಟ್ಟು ಸಮುದ್ರಕ್ಕೆ ಹೋದಾಗ

ನಾನು ಸುಳ್ಳು ಹೇಳದವಳೇನಲ್ಲ. ಈ ಅನುಭವದ ಬುಡದಲ್ಲೇ ನನ್ನದೊಂದು ಸುಳ್ಳಿದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ. ಆದರೆ ಕೊಂಕಣದ ಸಮುದ್ರದ ದಂಡೆಯಲ್ಲಿ ಆ ರಾತ್ರಿ ನಾನು ಕೇಳಿದ್ದು ಸುಳ್ಳಲ್ಲ. ನಿದ್ದೆಗಣ್ಣಿನ ಭ್ರಮೆಯೂ ಅಲ್ಲ. ನನ್ನ ಜೊತೆ ಇನ್ನೊಬ್ಬರು ಅಲ್ಲಿದ್ದರು. ಅವರು ಮಾತ್ರ ತಾವು ಅಲ್ಲಿರಲೇ ಇಲ್ಲ ಎಂದು ಇವತ್ತಿಗೂ ಸಾಧಿಸುತ್ತಾರೆ...

ನನ್ನ ಹೆಸರು ಶೋಭಾ. ತವರು ಅಕ್ಕಲಕೋಟ ತಾಲೂಕಿನ ವಾಗದರಿ. ಅಲ್ಲಿಯ ಕನ್ನಡ ಶಾಲೆಯಲ್ಲಿ ಓದಿದ್ದರಿಂದ ಇದನ್ನು ಕನ್ನಡದಲ್ಲಿ ಬರೆಯಲು ಸಾಧ್ಯವಾಗುತ್ತಿದೆ. ಸೊಲ್ಲಾಪುರದಲ್ಲೇ ಬೆಳೆದ ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲ. ಈ ಒಂದು ವಿಷಯದಲ್ಲಿ ನನಗೆ ಅದು ಸಮಾಧಾನವೇ.

ಗಂಡನ ಮನೆಯವರದು ಸೊಲ್ಲಾಪುರದಲ್ಲಿ ಚಾದರು, ಟಾವೆಲ್ಲುಗಳ ಅಂಗಡಿ. ಮೂವರು ಅಣ್ಣತಮ್ಮಂದಿರು. ದೊಡ್ಡವರು ಶಿವಶರಣ ಭಾವ, ಅವರ ಹೆಂಡತಿ ಸುವರ್ಣಾ. ನನ್ನ ಗಂಡ ಎಲ್ಲರಿಗಿಂತ ಚಿಕ್ಕವರು. ನಡುವಿನ ಭಾವ ಮೂರು ವರ್ಷಗಳ ಹಿಂದೆ ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಅವರ ಹೆಂಡತಿಯೇ ಕಸ್ತೂರಿ ಅಕ್ಕ. ಮಕ್ಕಳಿಲ್ಲ. ನಾನು ಶಾಲೆಯೊಂದರಲ್ಲಿ ಗುಮಾಸ್ತೆ ಕೆಲಸಕ್ಕೆ ಹೋಗುತ್ತಿದ್ದಾಗ ನನ್ನ ಮಗಳಿಗೆ ಎಣ್ಣೆ ಹಚ್ಚಿ ಎರೆದವಳು, ಜ್ವರ ಬಂದರೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತವಳು ಅವಳೇ. ದಿನವೂ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟುತ್ತಿದ್ದಳು. ಅವಳ ಕೈಗೆ ಸದಾ ಬೆಳ್ಳುಳ್ಳಿ, ಹುರಿದ ಶೇಂಗಾದ ವಾಸನೆ.

ಸುವರ್ಣಾ ಅಕ್ಕನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತ್ತು. ಪುಣೆಯಲ್ಲಿರುವ ನಾದಿನಿಯ ಕುಟುಂಬವೂ ಸೇರಿ ಎಲ್ಲರೂ ಕೊಂಕಣದ ಮಾಲವಣದ ಆಚೆ ಸಮುದ್ರದ ದಂಡೆಯ ಒಂದು ರಿಸಾರ್ಟಿಗೆ ಹೋಗುವುದೆಂದು ಠರಾವಾಯಿತು. ಕಸ್ತೂರಿ ಅಕ್ಕ ಸಮುದ್ರ ನೋಡಿದವಳಲ್ಲ. ತಿಂಗಳ ಮೊದಲೇ ಸಂತೆಯಿಂದ ರಬ್ಬರ್ ಚಪ್ಪಲಿ ತಂದಿಟ್ಟುಕೊಂಡಳು. ನನ್ನ ಮಗಳ ಮೊಬೈಲಿನಲ್ಲಿ ತೆರೆಗಳನ್ನು ನೋಡುತ್ತಾ, "ಇವು ಕಾಲ ಎಳೀತಾವಂತಲ್ಲ, ಖರೇನ?" ಎಂದು ಕೇಳುತ್ತಿದ್ದಳು.

ಹೊರಡಲು ಎರಡು ದಿನವಿದೆ ಎನ್ನುವಾಗ ಸುವರ್ಣಾ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ದನಿ ತಗ್ಗಿಸಿ, "ಇಪ್ಪತ್ತೈದನೇ ವರ್ಷದ ಕಾರ್ಯಕ್ರಮ ಅದ. ಆರತಿ ಮಾಡೋರು ಮಾಡ್ತಾರ. ಕಸ್ತೂರಿ ಎದುರಿಗೆ ಬಂದು ನಿಂತ್ರ ಹ್ಯಾಂಗ? ನೀ ಏನಾರ ಹೇಳು. ನಿನ್ನ ಮಾತ ಆಕಿ ನಂಬ್ತಾಳ" ಎಂದಳು.

ನಾನು ವಾದ ಮಾಡಬಹುದಿತ್ತು. ಮಾಡಲಿಲ್ಲ. ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತಿದ್ದ ಕಸ್ತೂರಿ ಅಕ್ಕನ ಹತ್ತಿರ ಹೋಗಿ, "ಟ್ರಿಪ್ ಕ್ಯಾನ್ಸಲ್ ಆತ್ರಿ ಅಕ್ಕಾ. ಭಾವ್ರಿಗೆ ಅಂಗಡ್ಯಾಗ ಕೆಲಸ ಬಿದ್ದದ. ನೀವು ನಾಕ ದಿನ ಅಕ್ಕಲಕೋಟಕ್ಕ ಅಣ್ಣನ ಮನಿಗಿ ಹೋಗಿ ಬರ್ರಿ" ಎಂದೆ.

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡಳು. "ಆಗಲಿ ಬಿಡು. ಸಮುದ್ರ ಎಲ್ಲಿ ಓಡಿ ಹೋಗ್ತದ?" ಎಂದು ನಕ್ಕಳು.

ಅದೇ ನನ್ನ ಸುಳ್ಳು. ಮರುದಿನ ನಾನೇ ಅವಳನ್ನು ಬಸ್ಸಿಗೆ ಕೂಡಿಸಿದೆ. ಕಿಟಕಿಯಿಂದ ಬಗ್ಗಿ, "ಬೆಕ್ಕಿಗಿ ಹಾಲ ಇಡೋದು ಮರೀಬ್ಯಾಡ, ಶೋಭಾ" ಎಂದಳು. ಅದರ ಮಾರನೆಯ ಬೆಳಗಿನ ಜಾವ ನಾವೆಲ್ಲ ಗಾಡಿ ಹತ್ತಿದೆವು. ಬೆಕ್ಕು ಗೋಡೆಯ ಮೇಲೆ ಕೂತು ನೋಡುತ್ತಿತ್ತು.

ರಿಸಾರ್ಟು ಚೆನ್ನಾಗಿತ್ತು. ತೆಂಗಿನ ಮರಗಳ ನಡುವೆ ಬಿಡಿಬಿಡಿ ಕೋಣೆಗಳು, ಇಪ್ಪತ್ತು ಹೆಜ್ಜೆಗೆ ಉಸುಕು, ಅದರಾಚೆ ನೀರು. ನಮಗೆ ಸಿಕ್ಕಿದ್ದು ತುದಿಯ ಕೋಣೆ. ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಮಲಗುವುದಾಗಿ ಹಟ ಹಿಡಿದರು. ಫೋಟೊ ಎಲ್ಲಿಯೂ ಹಾಕಬಾರದೆಂದು ಭಾವ ಎಲ್ಲರಿಗೂ ತಾಕೀತು ಮಾಡಿದ್ದರು. ಹಾಕಿದ್ದರೂ ಕಸ್ತೂರಿ ಅಕ್ಕನಿಗೆ ಕಾಣುತ್ತಿರಲಿಲ್ಲ. ಅವಳದು ಗುಂಡಿ ಒತ್ತುವ ಹಳೆಯ ಫೋನು.

ಎರಡನೆಯ ದಿನ ಸಂಜೆ ದಂಡೆಯ ಮೇಲೆ ಟೇಬಲ್ ಹಾಕಿ ಕೇಕು ಕತ್ತರಿಸಿದರು. ಆರತಿಯಾಯಿತು. ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡೆವು. ಆಗ ಸುವರ್ಣಾ ಅಕ್ಕ, "ಕಸ್ತೂರಿ ಬಂದಿದ್ರ ಈ ಫೋಟೊಕ್ಕ ದೃಷ್ಟಿಬೊಟ್ಟು ಬ್ಯಾರೆ ಬೇಕಾಗ್ತಿದ್ದಿಲ್ಲ ನೋಡ್ರಿ!" ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನದು ಸ್ವಲ್ಪ ಜೋರಾಗಿಯೇ ಕೇಳಿಸಿತು.

ಆ ರಾತ್ರಿ...

ಗಂಡ ಗೊರಕೆ ಹೊಡೆಯುತ್ತಿದ್ದರು. ಕೋಣೆಯಲ್ಲಿ ಸೊಳ್ಳೆಬತ್ತಿಯ ಹೊಗೆ, ಒದ್ದೆ ಬಟ್ಟೆಗಳ ಮುಗ್ಗಲು ವಾಸನೆ. ನನಗೆ ನಿದ್ದೆ ಹತ್ತಿತ್ತೋ ಇಲ್ಲವೋ, ತಲೆದೆಸೆಯ ಟೇಬಲ್ಲಿನ ಮೇಲಿದ್ದ ಫೋನು ರಿಂಗಾಯಿತು. ನಮ್ಮ ಮೊಬೈಲಲ್ಲ. ಚಹಾ ಬೇಕಾದರೆ ರಿಸಾರ್ಟಿನ ಆಫೀಸಿಗೆ ಕರೆ ಮಾಡಲೆಂದು ಪ್ರತಿ ಕೋಣೆಗೂ ಇಟ್ಟಿದ್ದ ಬಿಳಿಯ ಫೋನು. ಎರಡು ಗಂಟೆ ದಾಟಿ ಕೆಲವು ನಿಮಿಷಗಳಾಗಿದ್ದವು.

ಎತ್ತಿದೆ. ಮೊದಲು ಬರೀ ತೆರೆಯ ಸಪ್ಪಳ. ಆಮೇಲೆ...

"ಶೋಭಾ..."

ಕಸ್ತೂರಿ ಅಕ್ಕನ ದನಿ. ಅನುಮಾನವೇ ಇಲ್ಲ. ಹದಿನೆಂಟು ವರ್ಷ ದಿನವೂ ಕೇಳಿದ ದನಿ.

"ನೀರು ಎಷ್ಟು ಬೆಚ್ಚಗ ಅದಾವ, ಶೋಭಾ. ರಾತ್ರಿ ತಣ್ಣಗಿರ್ತಾವಂತ ತಿಳದಿದ್ದೆ ನಾ."

ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ಕಾಲ ಕೆಳಗಿನ ಉಸುಕು ಸರದು ಹೊಂಟದ... ಹಿಡಕೊಳ್ಳಾಕ ಏನೂ ಇಲ್ಲಲ್ಲ ಇಲ್ಲಿ."

ಆಗ ಇನ್ನೊಂದು ಸಂಗತಿ ಗಮನಕ್ಕೆ ಬಂತು. ನೆನೆದರೆ ಈಗಲೂ ಮೈಮೇಲೆ ಮುಳ್ಳು ಏಳುತ್ತವೆ. ಫೋನಿನಲ್ಲಿ ಒಂದು ತೆರೆ ಒಡೆಯುತ್ತಿತ್ತು. ಅದರ ಹಿಂದೆಯೇ, ಒಂದು ಉಸಿರಿನಷ್ಟು ತಡವಾಗಿ, ಅದೇ ತೆರೆಯ ಸದ್ದು ನಮ್ಮ ಕಿಟಕಿಗೆ ಬರುತ್ತಿತ್ತು. ಮತ್ತೊಂದು ತೆರೆ. ಮೊದಲು ಫೋನಿನಲ್ಲಿ, ಆಮೇಲೆ ಕಿಟಕಿಯಲ್ಲಿ. ಮಾತನಾಡುತ್ತಿದ್ದವಳು ನನಗಿಂತ ನೀರಿಗೆ ಹತ್ತಿರದಲ್ಲಿದ್ದಳು.

"ಅಕ್ಕಾ... ಎಲ್ಲಿ ಅದೀರಿ?"

"ನೀವೆಲ್ಲಾ ಎಲ್ಲಿ ಅದೀರಿ, ಅಲ್ಲೇ."

ಫೋನು ಸತ್ತಿತು.

ಗಂಡನನ್ನು ಅಲುಗಾಡಿಸಿದೆ. ಅವರು ಮಗ್ಗುಲು ಬದಲಿಸಿದರು, ಏಳಲಿಲ್ಲ. ಚಪ್ಪಲಿ ಹುಡುಕಲೂ ನಿಲ್ಲದೆ ಹೊರಗೆ ಬಂದೆ. ಆಫೀಸಿನ ಕಟ್ಟೆಯ ಮೇಲೆ ಮುದುಕ ವಾಚ್‌ಮನ್ ಕೂತಿದ್ದ. ಈಗ ನನ್ನ ಕೋಣೆಗೆ ಫೋನ್ ಮಾಡಿದ್ದು ಯಾರೆಂದು ಮರಾಠಿಯಲ್ಲಿ ಕೇಳಿದೆ. ಅವನು ಸೊಂಟದ ಕೀಲಿಗೊಂಚಲು ತೋರಿಸಿದ. ಆಫೀಸಿಗೆ ಹತ್ತು ಗಂಟೆಗೇ ಬೀಗ ಹಾಕಿದ್ದೇನೆ, ಒಳಗೆ ಯಾರೂ ಇಲ್ಲ ಎಂದ. ಆಮೇಲೆ ದಂಡೆಯ ಕಡೆ ಟಾರ್ಚು ತಿರುಗಿಸಿ, ನಿಮ್ಮವರಿಬ್ಬರು ಅಲ್ಲಿ ನೀರಿನ ಹತ್ತಿರ ನಿಂತಿದ್ದಾರೆ, ರಾತ್ರಿ ಇಳಿಯಬೇಡಿ ಎಂದರೂ ಆ ಹೆಂಗಸು ತಿರುಗಿಯೂ ನೋಡಲಿಲ್ಲ ಎಂದು ಗೊಣಗಿದ.

ನಾನು ಉಸುಕಿನ ಮೇಲೆ ಓಡಿದೆ.

ಅಲ್ಲಿದ್ದವರು ಒಬ್ಬರೇ. ಶಿವಶರಣ ಭಾವ. ಪೈಜಾಮ ಮೊಣಕಾಲಿನವರೆಗೆ ತೊಯ್ದಿತ್ತು. ನೀರಿನತ್ತ ನೋಡುತ್ತಾ ನಿಂತಿದ್ದರು. ಗಾಳಿ ಸಮುದ್ರದಿಂದಲೇ ಬೀಸುತ್ತಿತ್ತು. ಆದರೆ ಅದರಲ್ಲಿ ಉಪ್ಪಿನ, ಮೀನಿನ ವಾಸನೆ ಇರಲಿಲ್ಲ. ಬೆಳ್ಳುಳ್ಳಿ... ಈಗಷ್ಟೇ ಕುಟ್ಟಿದ ಶೇಂಗಾ ಹಿಂಡಿಯ ವಾಸನೆ. 

"ಭಾವ್ರ..."

ಅವರು ಬೆಚ್ಚಿ ತಿರುಗಿದರು. ಅವರ ಮುಖವನ್ನು ನಾನು ಹಾಗೆ ಎಂದೂ ಕಂಡಿರಲಿಲ್ಲ.

"ನಿನಗೂ ಫೋನ್ ಬಂತೇನು?" ಪಿಸುಗುಟ್ಟಿದರು.

ತಲೆಯಾಡಿಸಿದೆ.

"ನನಗ ಒಂದ ಮಾತ ಕೇಳಿದ್ಲು. 'ನಿಮ್ಮ ತಮ್ಮ ಇದ್ದಿದ್ರ ನನ್ನ ಬಿಟ್ಟು ಬರ್ತಿದ್ರೇನ್ರಿ?' ಅಂತ..." ಅವರು ಪಕ್ಕದ ಉಸುಕಿನತ್ತ ಕೈ ಮಾಡಿದರು. "ಇಲ್ಲೇ ನಿಂತಿದ್ಲು, ಶೋಭಾ. ನನ್ನ ಬಾಜೂಕ."

ಸುತ್ತ ನೋಡಿದೆ. ಉಸುಕು, ಕಪ್ಪು ನೀರು, ತೆಂಗಿನ ಗರಿಗಳ ಸದ್ದು. ಇನ್ಯಾರೂ ಇರಲಿಲ್ಲ. ಭಾವ ನನ್ನ ಮುಂದೆ ಕೈ ಮುಗಿದರು. "ಯಾರಿಗೂ ಹೇಳಬ್ಯಾಡವ್ವ" ಎಂದರು.

ಕೋಣೆಗೆ ಬಂದು ಕಸ್ತೂರಿ ಅಕ್ಕನ ಮೊಬೈಲಿಗೆ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಅವಳಿಗೇನಾದರೂ ಆಗಿಬಿಟ್ಟಿದೆಯೆಂದು ಹೆದರಿ ಬೆಳಗಾಗುವವರೆಗೆ ಮಂಚದ ಮೂಲೆಯಲ್ಲಿ ಎಚ್ಚರವಾಗಿಯೇ ಕೂತಿದ್ದೆ. ಆರು ಗಂಟೆಗೆ ಅವಳ ಅಣ್ಣನ ಹೆಂಡತಿ ಮಹಾದೇವಿ ಫೋನ್ ಎತ್ತಿದಳು. "ಮಕ್ಕೊಂಡಾಳ್ರಿ. ಎಬ್ಬಸ್ಲೇನು?" ಎಂದಳು.

"ಬ್ಯಾಡ್ರಿ" ಎಂದೆ.

ನಾಷ್ಟಾದ ಹೊತ್ತಿಗೆ ಭಾವನನ್ನು ಕಣ್ಣಿನಲ್ಲೇ ಕೇಳಿದೆ. ಅವರು ಇಡ್ಲಿ ಮುರಿಯುತ್ತಾ, ಎಲ್ಲರಿಗೂ ಕೇಳುವಂತೆ, "ರಾತ್ರಿ ಏನ್ ನಿದ್ದಿ ಹತ್ತಿತ್ತಪಾ, ಮಗ್ಗಲಾ ಸೈತ ಹೊಳ್ಳಿಲ್ಲ" ಎಂದರು. ಅವತ್ತು ಮಧ್ಯಾಹ್ನ ನಾವೆಲ್ಲ ದೋಣಿಯಲ್ಲಿ ಕೂತು ಡಾಲ್ಫಿನ್ ನೋಡಲು ಹೋದೆವು. ನಾನೂ ಹೋದೆ.

ಊರಿಗೆ ಮರಳಿದ ಮರುದಿನವೇ ಅಕ್ಕಲಕೋಟದ ಬಸ್ಸು ಹತ್ತಿದೆ. ದಾರಿಯ ಕುಂಭಾರಿ, ವಳಸಂಗ ದಾಟುವವರೆಗೂ ಏನು ಹೇಳಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅಕ್ಕಲಕೋಟದಲ್ಲಿ ಇಳಿಯುವಾಗ ಒಂದೂ ನೆನಪಿರಲಿಲ್ಲ.

ಬಾಗಿಲಲ್ಲೇ ಮಹಾದೇವಿ ನನ್ನನ್ನು ಹಿತ್ತಲಿಗೆ ಕರೆದೊಯ್ದಳು.

"ಆಕಿಗಿ ಮೊದಲಿಂದ ನಿದ್ದ್ಯಾಗ ತಿರಗೋ ಚಟ ಅದ ಏನ್ರಿ?"

"ಇಲ್ರಿ. ಯಾಕ?"

"ಆ ರಾತ್ರಿ... ನೀವು ಮುಂಜಾನಿ ಫೋನ್ ಮಾಡಿದ್ರಲ್ಲ, ಅದರ ಹಿಂದಿನ ರಾತ್ರಿ. ನಾಯಿ ಬೊಗಳಾಕ ಹತ್ತಿದ್ವು ಅಂತ ಎದ್ದೆ. ಹಾಸಿಗಿ ಖಾಲಿ. ಬಂದು ನೋಡ್ತೀನಿ, ಇಲ್ಲೇ ಬಟ್ಟಿ ಒಗ್ಯೋ ಕಲ್ಲಿನ ಮ್ಯಾಲ ಕುಂತಾಳ. ಎರಡೂ ಕಾಲ ಬಕೆಟ್‌ನ್ಯಾಗಿನ ನೀರಾಗ ಇಟ್ಟಾಳ. ಕಣ್ಣ ಮುಚ್ಯಾವ. ಏನೋ ಮಾತಾಡಾಕತ್ತಿದ್ಲು. ಕರದ್ರ ಓ ಅನ್ಲಿಲ್ಲ."

"ಎಷ್ಟೊತ್ತಾಗಿತ್ರಿ?"

"ಎರಡು ಹೊಡದಿತ್ತು." ಅವಳು ಮೂಲೆಯ ಮಲ್ಲಿಗೆ ಬಳ್ಳಿಯತ್ತ ಕೈ ಮಾಡಿದಳು. "ಆ ನೀರು ಸುಮ್ನ ಚೆಲ್ಲಬಾರದಂತ ಅದಕ್ಕ ಹಾಕಿದೆ. ಬಿಸಲಿಗೋ ಏನೋ, ಎರಡು ದಿನದಾಗ ಸುಟ್ಟಂಗ ಆತು ನೋಡ್ರಿ."

ಬಳ್ಳಿ ಬುಡದಿಂದ ತುದಿಯವರೆಗೆ ಕಂದಾಗಿತ್ತು. ಬುಡದ ಮಣ್ಣಿನ ಮೇಲೆ ಉಪ್ಪು ಒಣಗಿದಂಥ ಬಿಳಿ ಕಲೆ. ಅದರ ಪಕ್ಕದ ದಾಸವಾಳ ಹಸಿರಾಗಿಯೇ ಇತ್ತು.

ಕಸ್ತೂರಿ ಅಕ್ಕ ಒಳಗಿನ ಕೋಣೆಯಲ್ಲಿ ಸೀರೆ ಮಡಚುತ್ತಿದ್ದಳು. ನನ್ನನ್ನು ನೋಡಿ ಕೆಲಸ ನಿಲ್ಲಿಸಲಿಲ್ಲ.

"ಮಾರಿ ಕರ್ರಗಾಗೇದಲ್ಲ. ಬಿಸಲಾಗ ಭಾಳ ತಿರಗೀದಿ."

ನಾನು ಅವಳ ಕಾಲ ಹತ್ತಿರ ಕೂತು ಅತ್ತೆ. ಎಲ್ಲ ಹೇಳಿದೆ, ಫೋಟೊದ ಮಾತೊಂದನ್ನು ಬಿಟ್ಟು. ಅದನ್ನು ಹೇಳಲು ಬಾಯಿ ಬರಲಿಲ್ಲ.

ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು. "ದೃಷ್ಟಿಬೊಟ್ಟಿನ ಮಾತಿಗಿ ನನಗೇನ ಸಿಟ್ಟಿಲ್ಲ. ಸುವರ್ಣಾನ ಬಾಯಿ ನನಗ ಗೊತ್ತದ. ಆದ್ರ ನೀ ನಕ್ಕಿ, ಶೋಭಾ."



"ನಿಮಗ... ಯಾರು ಹೇಳಿದ್ರು?"

ಅವಳು ಮಡಚಿದ ಸೀರೆಯನ್ನು ಎದೆಗೆ ಒತ್ತಿಕೊಂಡಳು. ಆಗ ಅವಳ ಕಣ್ಣಿನಲ್ಲಿ ಕಂಡದ್ದು ಸಿಟ್ಟಲ್ಲ, ಹೆದರಿಕೆ. "ಯಾರೂ ಹೇಳಿಲ್ಲ. ನಾ ಬರಬೇಕಂತ ಬರಲಿಲ್ಲ. ಹ್ಯಾಂಗ ಬಂದೆ, ನನಗೂ ಗೊತ್ತಿಲ್ಲ" ಎಂದಳು.

ಮನೆಯವರನ್ನೆಲ್ಲ ಕೇಳಿ ನೋಡಿದೆ. ಮಕ್ಕಳು, ನಾದಿನಿ, ಯಾರೂ ಅಕ್ಕಲಕೋಟಕ್ಕೆ ಫೋನ್ ಮಾಡಿರಲಿಲ್ಲ.

ಕಸ್ತೂರಿ ಅಕ್ಕ ಸೊಲ್ಲಾಪುರಕ್ಕೆ ಮರಳಲೇ ಇಲ್ಲ. ಅಕ್ಕಲಕೋಟದಲ್ಲೇ ಒಂದು ಕೋಣೆ ಹಿಡಿದು, ಹಿಂಡಿ, ಹಪ್ಪಳ ಮಾಡಿ ಅಂಗಡಿಗಳಿಗೆ ಕೊಡುತ್ತಾಳೆ. ಸುವರ್ಣಾ ಅಕ್ಕ ಬಂಧುಗಳೆದುರು, "ನಾವೇನ ಬ್ಯಾಡ ಅಂದಿಲ್ರಿ, ಆಕಿನೇ ಹೋಗ್ಯಾಳ" ಎನ್ನುತ್ತಾಳೆ. ಆ ಫೋಟೊಕ್ಕೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾಳೆ. ಮುಂದಿನ ರಜೆಗೆ ಗೋವಾಕ್ಕೆ ಹೋಗುವ ಮಾತು ನಡೆದಿದೆ.

ನಾನು ತಿಂಗಳಿಗೊಮ್ಮೆ ಅಕ್ಕಲಕೋಟಕ್ಕೆ ಹೋಗುತ್ತೇನೆ. ಅವಳು ಚಹಾ ಮಾಡಿಕೊಡುತ್ತಾಳೆ. ನನ್ನ ಮಗಳ ಓದಿನ ಬಗ್ಗೆ ವಿಚಾರಿಸುತ್ತಾಳೆ. ಆದರೆ ಈಗ ನನ್ನನ್ನು "ಬಾ ಶೋಭಾ" ಎನ್ನುವುದಿಲ್ಲ. "ಬರ್ರಿ, ಕೂಡ್ರಿ" ಎನ್ನುತ್ತಾಳೆ. ಮೊದಲ ಸಲ ಹಾಗೆಂದಾಗ ನನ್ನ ಹಿಂದೆ ಬೇರೆ ಯಾರೋ ಬಂದರೆಂದು ತಿರುಗಿ ನೋಡಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ.

ಹೋದ ವಾರದ ಮಾತು. ಹೊರಡಲೆಂದು ಎದ್ದಿದ್ದೆ. ಅವಳು ಲೋಟ ತೊಳೆಯುತ್ತಾ, ಬೆನ್ನು ಮಾಡಿಯೇ ಕೇಳಿದಳು. "ನಿಮ್ಮ ಭಾವ್ರು ಈಗೂ ರಾತ್ರಿ ಎದ್ದು ಬಾಗಲಾ ತಗೀತಾರೇನ್ರಿ?"

ನಾನು ಅಲ್ಲೇ ನಿಂತೆ. ಕೊಂಕಣದಿಂದ ಬಂದಾಗಿನಿಂದ ಭಾವ ರಾತ್ರಿ ಎದ್ದು, ಬೀದಿಬಾಗಿಲು ತೆರೆದು, ಹೊಸ್ತಿಲಲ್ಲಿ ಬರಿಗಾಲಲ್ಲಿ ನಿಲ್ಲುತ್ತಾರೆ. ಇದು ಗೊತ್ತಿರುವುದು ಸುವರ್ಣಾ ಅಕ್ಕನಿಗೆ ಮತ್ತು ನನಗೆ. ಇಬ್ಬರೂ ಹೊರಗೆ ಉಸಿರು ಬಿಟ್ಟಿಲ್ಲ.

"ಹೌದ್ರಿ" ಎಂದೆ. ಬೇರೇನು ಹೇಳಲಿ?

ಅವಳು ಲೋಟವನ್ನು ಬೋರಲು ಹಾಕಿ, ಕೈ ಒರೆಸಿಕೊಂಡು ನನ್ನತ್ತ ತಿರುಗಿದಳು.

"ಚಿಲಕಾ ಹಾಕ್ಕೊಂಡು ಮಕ್ಕೊಳ್ಳಾಕ ಹೇಳ್ರಿ" ಎಂದಳು. "ಅಲ್ಲಿ ಬಾಗಲಾ ತಗದಿದ್ರ ಇಲ್ಲಿ ನನಗ ನಿದ್ದಿ ಹತ್ತಂಗಿಲ್ಲ."